ಮಡ್ಡಿ ವಾಟರ್ಸ್ ಮನೆಗೆ ಪ್ರವಾಸಿಗರು ಬರುತ್ತಾರೆಯೇ?

ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ದೊಡ್ಡ ಹಾಡುಗಾರ ಮಡ್ಡಿ ವಾಟರ್ಸ್ ಬದುಕಿದ್ದ ಶಿಕಾಗೊದ ಮನೆಯನ್ನು ಮ್ಯೂಸಿಯಂ ಮಾಡಲು ಹೊರಟಿದ್ದಾರೆ. ಅಷ್ಟು ದೂರ ಯಾರು ಬರುತ್ತಾರೆ ಎಂದು ಕೇಳುವವರೂ ಇದ್ದಾರೆ. ಶಿಕಾಗೊಗೆ ಬರುವ ಬಂಧುಗಳನ್ನು ನಾನು ಮೊದಲು ಆರ್ಟ್ ಇನ್‌ಸ್ಟಿಟ್ಯೂಟಿಗೆ ಕರೆದುಕೊಂಡು ಹೋಗುತ್ತೇನೆ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತನಾಡಿದ ಕಟ್ಟಡ ಅದು. ಅಂದಿನ ಸಭಾಂಗಣ ಈಗ ಉಳಿದಿಲ್ಲ. ಆದರೂ ಮೈಸೂರಿನಿಂದ ಬಂದವರು ಒಳಗೆ ಕಾಲಿಟ್ಟೊಡನೆ ದನಿ ತಗ್ಗಿಸುತ್ತಾರೆ, ಚಿತ್ರಗಳನ್ನು ಆಮೇಲೆ ನೋಡುತ್ತಾರೆ. ಹೋದ ಬೇಸಿಗೆಯಲ್ಲಿ ಸೋದರಮಾವ ಬಂದಾಗಲೂ ಹೀಗೆಯೇ ಆಯಿತು. ಎಪ್ಪತ್ತು ದಾಟಿದ ಅವರು ಹುಡುಗನಾಗಿದ್ದಾಗ ಪಿಟೀಲು ಕಲಿತವರು. ಹೊರಗೆ ಬಂದ ಮೇಲೆ, "ಮಾವ, ಇದೇ ಬೀದಿಯಲ್ಲಿ ಇನ್ನೊಂದು ಜಾಗ ಇದೆ, ಅಲ್ಲಿಗೂ ಹೋಗೋಣವೇ?" ಎಂದು ಕೇಳಿದೆ.

ಮಿಷಿಗನ್ ಅವೆನ್ಯೂದಲ್ಲಿ ದಕ್ಷಿಣಕ್ಕೆ ಸುಮಾರು ಮೂರು ಕಿಲೋಮೀಟರ್. ದಾರಿಯಲ್ಲಿ, 12ನೇ ಬೀದಿಯ ಹತ್ತಿರ, ಒಂದು ಕಾಲಕ್ಕೆ ದೊಡ್ಡ ರೈಲು ನಿಲ್ದಾಣವಿತ್ತು. 1974ರಲ್ಲಿ ಅದನ್ನು ಕೆಡವಿದರು. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಕೋರಿಗೆ ದುಡಿದು, ವರ್ಷದ ಕೊನೆಗೆ ಸಾಲವನ್ನಷ್ಟೇ ಉಳಿಸಿಕೊಳ್ಳುತ್ತಿದ್ದ ಕಪ್ಪು ಜನರನ್ನು ಇಲಿನಾಯ್ ಸೆಂಟ್ರಲ್ ಕಂಪನಿಯ ರೈಲುಗಳು ತಂದು ಇಳಿಸುತ್ತಿದ್ದುದು ಅಲ್ಲಿ. 1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಅಮೆರಿಕನ್ನರು ದಕ್ಷಿಣದ ರಾಜ್ಯಗಳನ್ನು ಬಿಟ್ಟು ಹೊರಟರು. ಅವರಲ್ಲಿ ದೊಡ್ಡ ಪಾಲು ಈ ಊರಿಗೆ ಬಂತು, ಜೊತೆಗೆ ಅವರ ಹಾಡೂ ಬಂತು.

ಆ ನಿಲ್ದಾಣದ ಜಾಗ ದಾಟಿ ಮುಂದೆ ಹೋದರೆ 2120 ಸಂಖ್ಯೆಯ ಕಟ್ಟಡ. 1957ರಿಂದ ಸುಮಾರು ಹತ್ತು ವರ್ಷ ಚೆಸ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿ ಇದ್ದದ್ದು ಇಲ್ಲಿ. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಚಕ್ ಬೆರಿ, ಎಟ್ಟಾ ಜೇಮ್ಸ್ ಹಾಡಿದ ಜಾಗ. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಹುಡುಗರು ಇಂಗ್ಲೆಂಡಿನಿಂದ ಬಂದು ಇಲ್ಲಿ ರೆಕಾರ್ಡ್ ಮಾಡಿದರು. ಅವರ ತಂಡದ ಹೆಸರು ಕೂಡ ಮಡ್ಡಿಯ ಹಾಡೊಂದರಿಂದ ಬಂದದ್ದು. ಈಗ ಕಟ್ಟಡ ಹಾಡುಗಾರ, ಗೀತರಚನಕಾರ ವಿಲ್ಲಿ ಡಿಕ್ಸನ್ ಹೆಸರಿನ ಬ್ಲೂಸ್ ಹೆವನ್ ಪ್ರತಿಷ್ಠಾನದ ಕೈಯಲ್ಲಿದೆ. ಮಡ್ಡಿ ವಾಟರ್ಸ್ ನುಡಿಸಿದ ಸ್ಲೈಡ್ ಗಿಟಾರ್ ಕೇಳುತ್ತಿದ್ದಂತೆ ಮಾವ ನನ್ನ ತೋಳು ಹಿಡಿದರು. "ಇದು ಜಾರು ಕಣಮ್ಮ. ಗೋಟುವಾದ್ಯದಲ್ಲಿ ಬರುತ್ತದಲ್ಲ, ಆ ಜಾರು. ಸ್ವರ ಬಿಟ್ಟು ಸ್ವರಕ್ಕೆ ಹಾರುತ್ತಿಲ್ಲ, ತಂತಿಯ ಮೇಲೆ ಎಳೆದುಕೊಂಡು ಹೋಗುತ್ತಿದ್ದಾನೆ." ಬ್ಲೂಸ್ ಎಂದರೇನು ಎಂದು ನಾನು ವಿವರಿಸಲು ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಬೇಡವಾಯಿತು. ಇಷ್ಟನ್ನು ಮಾತ್ರ ಸೇರಿಸಿದೆ: ಹೆಚ್ಚಾಗಿ ತಾಳದ ಹನ್ನೆರಡು ಸಮಭಾಗಗಳ ಒಂದು ಆವರ್ತನ, ಮೂರು ಸಾಲಿನ ಪದ್ಯ. ಮೊದಲ ಸಾಲನ್ನು ಹೇಳುವುದು, ಅದನ್ನೇ ಮತ್ತೊಮ್ಮೆ ಹೇಳುವುದು, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು. ಎರಡನೆಯ ಸಲ ಹೇಳುವಾಗ ಕೇಳುವವನಿಗೆ ಯೋಚಿಸಲು ಸಮಯ ಸಿಗುತ್ತದೆ.

ನನ್ನ ಕಸುಬು ಮ್ಯೂಸಿಯಂಗಳ ಪ್ರದರ್ಶನ ವಿನ್ಯಾಸ, ಅದರಲ್ಲೂ ಶಬ್ದದ ವಿನ್ಯಾಸ. ಯಾವ ಕೋಣೆಯಲ್ಲಿ ಏನು ಕೇಳಬೇಕು, ಎಷ್ಟು ಜೋರಾಗಿ ಕೇಳಬೇಕು, ಪಕ್ಕದ ಕೋಣೆಗೆ ಏನು ಸೋರಬಾರದು ಎಂದು ಲೆಕ್ಕ ಹಾಕುವ ಕೆಲಸ. ಮ್ಯೂಸಿಯಂ ಕಟ್ಟಲು ಹೊರಟವರು ನಮ್ಮಂಥವರನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ಊರು ನೋಡಲು ಬಂದವನ ಕೈಯಲ್ಲಿ ಇರುವುದು ಅರ್ಧ ದಿನ, ಅದನ್ನು ಅವನು ನಮಗೆ ಏಕೆ ಕೊಡಬೇಕು? ಇದೇ ಪ್ರಶ್ನೆಯನ್ನು ಈ ಊರಿನಲ್ಲಿ, ಮಡ್ಡಿ ಬದುಕಿದ್ದ ಮನೆಯಲ್ಲೇ ಮಾಡಹೊರಟಿರುವ ಮಡ್ಡಿ ವಾಟರ್ಸ್ ಮೋಜೊ ಮ್ಯೂಸಿಯಮ್ಮಿಗೂ ಕೇಳುತ್ತಿದ್ದಾರೆ. ಆ ಯೋಜನೆಯಲ್ಲಿ ನನ್ನ ಪಾಲು ಏನೂ ಇಲ್ಲ. ಇದೇ ಕಸುಬಿನ ಹೊರಗಿನವಳಾಗಿ ಬರೆಯುತ್ತಿದ್ದೇನೆ.

ಮನೆ ಇರುವುದು ನಗರದ ಮಧ್ಯಭಾಗದಿಂದ ಸುಮಾರು ಏಳು ಕಿಲೋಮೀಟರ್ ದಕ್ಷಿಣಕ್ಕೆ, 4339 ಸೌತ್ ಲೇಕ್ ಪಾರ್ಕ್ ಅವೆನ್ಯೂದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಇಟ್ಟಿಗೆ ಮನೆ, ಎರಡು ಅಂತಸ್ತು, ಕೆಳಗೊಂದು ನೆಲಮಾಳಿಗೆ. ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬುದು ಮಡ್ಡಿಯ ನಿಜ ಹೆಸರು. 1941ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯಕ್ಕಾಗಿ ಅಲನ್ ಲೋಮ್ಯಾಕ್ಸ್, ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಇಬ್ಬರೂ ಯಂತ್ರ ಹೊತ್ತು ಮಿಸಿಸಿಪ್ಪಿಯ ಹತ್ತಿ ತೋಟಕ್ಕೆ ಬಂದು ಅವನ ಹಾಡು ಮುದ್ರಿಸಿಕೊಂಡರು. ಗ್ರಾಮಫೋನ್ ತಟ್ಟೆಯ ಎರಡು ಪ್ರತಿ, 20 ಡಾಲರಿನ ಒಂದು ಚೆಕ್ಕು ಬಂದವೆಂದು ಅವನೇ ಮುಂದೆ ನೆನಪಿಸಿಕೊಂಡಿದ್ದಾನೆ. ತನ್ನ ದನಿಯನ್ನು ತಟ್ಟೆಯಲ್ಲಿ ಕೇಳಿದ ಟ್ರ್ಯಾಕ್ಟರ್ ಚಾಲಕ 1943ರಲ್ಲಿ ಶಿಕಾಗೊ ರೈಲು ಹತ್ತಿದ. 1954ರಿಂದ ಸುಮಾರು ಎರಡು ದಶಕ ಈ ಮನೆಯಲ್ಲಿದ್ದ. ಪಿಯಾನೊ ನುಡಿಸುತ್ತಿದ್ದ ಓಟಿಸ್ ಸ್ಪ್ಯಾನ್ ಇಲ್ಲಿ ಉಳಿದಿದ್ದ, ಹೌಲಿನ್ ವುಲ್ಫ್ ಉಳಿದಿದ್ದ, ಚಕ್ ಬೆರಿ ಉಳಿದಿದ್ದ. ಅಭ್ಯಾಸ ನಡೆಯುತ್ತಿದ್ದುದು ನೆಲಮಾಳಿಗೆಯಲ್ಲಿ. ಅವನು ಬಿಟ್ಟ ಮೇಲೆ ಮನೆ ಸೊರಗಿತು, ಬಿದ್ದುಹೋಗುವ ಸ್ಥಿತಿಗೂ ಬಂತು. ಮರಿಮೊಮ್ಮಗಳು ಅದನ್ನು ಮ್ಯೂಸಿಯಂ ಮಾಡಲು ಹೊರಟರು. 2021ರ ಅಕ್ಟೋಬರಿನಲ್ಲಿ ನಗರಸಭೆ ಅದನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಿತು.

ಜನ ಇರುವಲ್ಲಿ ಕಟ್ಟಬೇಕೇ, ಹಾಡು ಇದ್ದಲ್ಲಿ ಕಟ್ಟಬೇಕೇ? ನಮ್ಮ ಕಸುಬಿನಲ್ಲಿ ಈ ವಾದ ಹಳೆಯದು. ಜನ ಇರುವಲ್ಲಿ ಕಟ್ಟಿದ ಮಾದರಿ ಸೇಂಟ್ ಲೂಯಿಸ್‌ನಲ್ಲಿದೆ. ಅಲ್ಲಿನ ನ್ಯಾಷನಲ್ ಬ್ಲೂಸ್ ಮ್ಯೂಸಿಯಂ 2016ರ ಏಪ್ರಿಲಿನಲ್ಲಿ ವಾಷಿಂಗ್ಟನ್ ಅವೆನ್ಯೂದಲ್ಲಿ, ಸಮ್ಮೇಳನ ಕೇಂದ್ರದ ಮಗ್ಗುಲಲ್ಲಿ ತೆರೆಯಿತು. ಸುಮಾರು 23,000 ಚದರ ಅಡಿ. ಬಂದವರು ಒಂದೊಂದು ಕಟ್ಟೆಯಲ್ಲಿ ನಿಂತು ಸಾಲು ಬರೆಯಬಹುದು, ಗಿಟಾರ್ ಸೇರಿಸಬಹುದು, ಮೌತ್ ಆರ್ಗನ್ ಸೇರಿಸಬಹುದು, ಕೊನೆಗೆ ತಮ್ಮದೇ ಹಾಡನ್ನು ಮನೆಗೆ ಕಳಿಸಿಕೊಳ್ಳಬಹುದು. ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ನೋಡಿದವರಿಗೆ ಈ ಬಗೆ ಗೊತ್ತು. ಅದರ ಅಂಗಳದ ನಾದದ ತೋಟದಲ್ಲಿ ಕಲ್ಲು, ಕೊಳವೆಗಳನ್ನು ಬಡಿದು ನೋಡದೆ ಹೊರಡುವ ಮಗು ಇಲ್ಲ. ಮುಟ್ಟಿ ನೋಡುವ ಪ್ರದರ್ಶನಗಳನ್ನು ಕೀಳಾಗಿ ಕಾಣುವ ವಿದ್ವಾಂಸರಿದ್ದಾರೆ. ಅವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಸ್ವರ ಎಂದರೇನೆಂದು ತಿಳಿಯದವರಿಗೆ ಕೈಯಿಂದಲೇ ತಿಳಿಸಬೇಕು.

ಶಿಕಾಗೊದಲ್ಲಿಯೂ ಅಂಥದ್ದೊಂದು ಯೋಜನೆ ಇತ್ತು. ನಗರದ ಮಿಲೆನಿಯಂ ಪಾರ್ಕಿನ ಸಮೀಪ, ಸುಮಾರು 50,000 ಚದರ ಅಡಿಯಲ್ಲಿ, ದೊಡ್ಡ ಬ್ಲೂಸ್ ಕೇಂದ್ರ ಬರುತ್ತದೆ ಎಂಬ ಸುದ್ದಿ 2017ರ ಸುಮಾರಿಗೆ ಪತ್ರಿಕೆಗಳಲ್ಲಿ ಬಂತು. ಹೇಳಿದ ಕಾಲಕ್ಕೆ ಅದರ ಬಾಗಿಲು ತೆರೆಯಲಿಲ್ಲ. ನಗರದ ನಡುವೆ ಅಷ್ಟು ಜಾಗ ಹಿಡಿದರೆ ಬಾಡಿಗೆ, ಯಂತ್ರ, ಸಿಬ್ಬಂದಿ ಎಲ್ಲವೂ ಟಿಕೆಟ್ ಮೇಲೆ ಬೀಳುತ್ತದೆ. ಟಿಕೆಟ್ ಏರಿದಂತೆ ಪ್ರವಾಸಿಗ ಬ್ಲೂಸ್ ಮ್ಯೂಸಿಯಮ್ಮನ್ನು ಮೀನಿನ ಅಕ್ವೇರಿಯಮ್ಮಿನ ಜೊತೆ ತೂಗಿ ನೋಡುತ್ತಾನೆ. ಮಕ್ಕಳಿರುವ ಮನೆಯವರು ಎತ್ತ ಹೋಗುತ್ತಾರೆಂದು ಹೇಳಬೇಕಾಗಿಲ್ಲ.

ಹಾಡು ಇದ್ದಲ್ಲಿ ಕಟ್ಟಿದ ಮಾದರಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್. ಅಲ್ಲಿನ ಡೆಲ್ಟಾ ಬ್ಲೂಸ್ ಮ್ಯೂಸಿಯಂ 1979ರಲ್ಲಿ ಒಂದು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಶುರುವಾಯಿತು. ಈಗ ಹಳೆಯ ರೈಲ್ವೆ ಸರಕು ಕಟ್ಟಡದಲ್ಲಿದೆ. ಮಡ್ಡಿ ವಾಟರ್ಸ್ ತೋಟದಲ್ಲಿ ವಾಸವಾಗಿದ್ದ ಮರದ ಗುಡಿಸಲಿನ ಉಳಿಕೆಯನ್ನು ಅದರೊಳಗೆ ನಿಲ್ಲಿಸಿದ್ದಾರೆ. ನಾನು ಹೋದ ದಿನ ಅರ್ಧ ತಾಸಿನಲ್ಲಿ ನೋಡಿ ಮುಗಿಸಬಹುದಾದ ಜಾಗದಲ್ಲಿ ಎರಡು ತಾಸು ಕಳೆದೆ. ಆ ಹಲಗೆಗಳ ಮುಂದೆ ಬಂದು ನಿಂತವರು ಬೇಗ ಮುಂದಕ್ಕೆ ಹೋಗುತ್ತಿರಲಿಲ್ಲ. ಜಪಾನಿನಿಂದ ಬಂದ ಒಬ್ಬ ಹುಡುಗ ಕ್ಯಾಮೆರಾ ತೆಗೆದು, ತೆಗೆದದ್ದನ್ನು ಹಾಗೆಯೇ ಚೀಲಕ್ಕೆ ಇಟ್ಟುಕೊಂಡ. ಸಂಜೆ ಪಕ್ಕದ ಗ್ರೌಂಡ್ ಜೀರೊ ಕ್ಲಬ್ಬಿನಲ್ಲಿ ಅವನೇ ಸಿಕ್ಕ, ಕಣ್ಣುಮುಚ್ಚಿ ಕೇಳುತ್ತಿದ್ದ. ಹಗಲು ಕಂಡದ್ದು ರಾತ್ರಿ ಕಿವಿಗೆ ಬಿದ್ದಾಗಲೇ ಸಂಗೀತದ ಮ್ಯೂಸಿಯಂ ಪೂರ್ತಿಯಾಗುವುದು. ಸಣ್ಣ ಊರಾದ್ದರಿಂದ ಅಲ್ಲಿ ಈ ಎರಡರ ನಡುವಿನ ದೂರ ಕೆಲವು ಹೆಜ್ಜೆ ಮಾತ್ರ.

ಹಾಗಾಗಿ ನನ್ನ ಮತ ಲೇಕ್ ಪಾರ್ಕ್ ಅವೆನ್ಯೂದ ಮನೆಯ ಕಡೆಗೆ. ಆದರೆ ಅದು ದೊಡ್ಡದಾಗಲು ಹೊರಡಬಾರದು.

ಶಬ್ದದ ಲೆಕ್ಕವೇ ಇದಕ್ಕೆ ಮುಖ್ಯ ಕಾರಣ. ಒಂದು ಗೋಡೆಯ ಮೇಲೆ ಹತ್ತು ಚಿತ್ರ ತೂಗುಹಾಕಿದರೆ ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಒಂದು ಕೋಣೆಯಲ್ಲಿ ಎರಡು ಹಾಡು ಹಾಕಿದರೆ ಎರಡೂ ಹಾಳು. ಕಸುಬಿನ ಆರಂಭದ ವರ್ಷಗಳಲ್ಲಿ ನಾನು ದುಡಿದ ಒಂದು ಮ್ಯೂಸಿಯಮ್ಮಿನಲ್ಲಿ, ಹೊಲದ ಕೆಲಸದ ಹಾಡಿನ ಹಳೆಯ ಧ್ವನಿಮುದ್ರಣಕ್ಕೆ ಒಂದು ಕೋಣೆ, ಅದಕ್ಕೆ ತಾಗಿದಂತೆ ವಿದ್ಯುತ್ ಗಿಟಾರಿನ ಕೋಣೆ ಮಾಡಿದ್ದೆವು. ಖಾಲಿ ಕಟ್ಟಡದಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿ ಇತ್ತು. ತೆರೆದ ದಿನ ಜನ ಮಾತನಾಡತೊಡಗಿದರು, ಮಾತಿನ ನಡುವೆಯೂ ಕೇಳಿಸಲೆಂದು ಯಾರೋ ಗಿಟಾರಿನ ದನಿ ಏರಿಸಿದರು. ಈಚೆ ಕೋಣೆಯಲ್ಲಿ ಒಂಟಿಯಾಗಿ ಹಾಡುತ್ತಿದ್ದ ಮುದುಕಿಯ ದನಿ ಸಂಜೆಯವರೆಗೂ ಯಾರ ಕಿವಿಗೂ ಬೀಳಲಿಲ್ಲ. ನಾನು ಆ ಕೋಣೆಯಲ್ಲಿಯೇ ನಿಂತಿದ್ದೆ, ಅವಳ ಬಾಯಿಯನ್ನು ನಾವೇ ಮುಚ್ಚಿದಂತೆ ಅನ್ನಿಸಿತು. ಆಮೇಲೆ ನಡುವೆ ಒಂದು ಮೌನದ ಹಜಾರ ಬಿಟ್ಟು, ದಪ್ಪ ಪರದೆ ಇಳಿಸಿ ಸರಿಪಡಿಸಿದೆವು. ಮೌನಕ್ಕೂ ಚದರ ಅಡಿ ಬೇಕು. ಹಳೆಯ ಇಟ್ಟಿಗೆ ಮನೆಯಲ್ಲಿ ಅಷ್ಟು ಜಾಗ ಇರುವುದಿಲ್ಲ.

ಕಿವಿಗೆ ಹೆಡ್‌ಫೋನ್ ಕೊಟ್ಟರಾಯಿತು ಎನ್ನುತ್ತಾರೆ. ಅದು ಅಗ್ಗ, ಸುಲಭ. ಆದರೆ ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಜೊತೆಗೆ ಬಂದ ಗಂಡ, ಹೆಂಡತಿ, ಮಗಳು ಮೂವರೂ ಮೂರು ಕಡೆಯಾಗುತ್ತಾರೆ. ಬ್ಲೂಸ್ ಹುಟ್ಟಿದ್ದು ಒಬ್ಬರು ಕೂಗಿ ಇನ್ನೊಬ್ಬರು ಓಗೊಡುವುದರಿಂದ. ಅದನ್ನು ಒಂಟಿ ಕಿವಿಗೆ ತುರುಕಿದರೆ ಓಗೊಡುವವರು ಯಾರು? ಆ ನೆಲಮಾಳಿಗೆಯನ್ನು ನನಗೆ ಒಪ್ಪಿಸಿದರೆ ನಾನು ಹೆಡ್‌ಫೋನ್ ಇಡುವುದಿಲ್ಲ, ವಿಡಿಯೊ ಪರದೆಗಳನ್ನು ಇಡುವುದಿಲ್ಲ. ಗೋಡೆಯ ಸುತ್ತ ಬೆಂಚು, ಆ ಕಾಲದ ಒಂದು ಆಂಪ್ಲಿಫೈಯರ್, ಮೂಲೆಯಲ್ಲಿ ಪಿಯಾನೊ. ಒಂದು ಸಲಕ್ಕೆ ಹನ್ನೆರಡು ಮಂದಿ, ಒಂದು ಸಲಕ್ಕೆ ಒಂದೇ ಹಾಡು. ತಗ್ಗಿದ ಚಾವಣಿಯ ಕೆಳಗೆ ಬೇಸ್ ಗಿಟಾರಿನ ದನಿ ಎದೆಗೂಡಿಗೆ ತಾಗುತ್ತದೆ. ಅದನ್ನು ಯಾವ ಹೊಸ ಕಟ್ಟಡದಲ್ಲಿಯೂ ಹೊಸದಾಗಿ ತಯಾರಿಸಲಾಗದು. ಕಿರಿದಾದ ಮೆಟ್ಟಿಲು, ಗಾಲಿಕುರ್ಚಿಗೆ ದಾರಿ, ಬೆಂಕಿ ಬಿದ್ದರೆ ಹೊರಬರುವ ಎರಡನೆಯ ಬಾಗಿಲು, ನೆಲ ಹೊರಬಲ್ಲ ಭಾರ, ಇವೆಲ್ಲವೂ ಹನ್ನೆರಡು ಎಂಬ ಸಂಖ್ಯೆಯನ್ನೇ ಹೇಳುತ್ತವೆ. ಹೊತ್ತು ಗೊತ್ತುಮಾಡಿದ ಟಿಕೆಟ್ ಮಾರಿದರೆ ನೂಕುನುಗ್ಗಲಿಲ್ಲ, ಬೀದಿಯಲ್ಲಿ ಬಸ್ಸುಗಳ ಸಾಲಿಲ್ಲ.

ಬೀದಿಯ ಮಾತು ಸಣ್ಣದಲ್ಲ. ವಸತಿ ಪ್ರದೇಶಗಳಲ್ಲಿ ಮನೆಯನ್ನೇ ಮ್ಯೂಸಿಯಂ ಮಾಡುವವರಿಗೆ ನಿರ್ಬಂಧ ಹೇರುವ ಪ್ರಸ್ತಾವವೊಂದು 2021ರ ಆಸುಪಾಸಿನಲ್ಲಿ ನಗರಸಭೆಯ ಮುಂದೆ ಬಂದಿತ್ತು. ವಿರೋಧ ಎದ್ದ ಮೇಲೆ ಅದು ಮುಂದೆ ಹೋಗಲಿಲ್ಲ. ನನಗೆ ಆ ಪ್ರಸ್ತಾವ ಇಷ್ಟವಾಗಿರಲಿಲ್ಲ, ಆದರೆ ಪಕ್ಕದ ಮನೆಯವರ ಅಳುಕು ಅರ್ಥವಾಗುತ್ತದೆ. ಭಾನುವಾರ ಬೆಳಿಗ್ಗೆ ತನ್ನ ಜಗಲಿಯ ಮುಂದೆ ಅಪರಿಚಿತರು ಗುಂಪುಗೂಡಿ ಫೋಟೊ ತೆಗೆಯುತ್ತಿದ್ದರೆ ಯಾರಿಗಾದರೂ ಕಿರಿಕಿರಿಯಾಗುತ್ತದೆ. ಆ ಬೀದಿಯ ಹುಡುಗರನ್ನೇ ಮಾರ್ಗದರ್ಶಿಗಳಾಗಿ ತಯಾರುಮಾಡಬೇಕು. ನೆಲಮಾಳಿಗೆಯಲ್ಲಿ ವಾರಕ್ಕೆರಡು ಸಂಜೆ ಅವರಿಗೆ ಗಿಟಾರ್ ಪಾಠ ನಡೆಯಬೇಕು. ಬ್ಲೂಸ್ ಗಿಟಾರ್ ವಾದಕ ಬಡ್ಡಿ ಗೈ ಹಲವು ಸಲ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. 1957ರಲ್ಲಿ ಲೂಸಿಯಾನಾದಿಂದ ಬಂದು, ಕೆಲಸ ಸಿಗದೆ ಹಸಿದಿದ್ದ ಹುಡುಗನನ್ನು ಮಡ್ಡಿ ವಾಟರ್ಸ್ ತನ್ನ ಕಾರಿನಲ್ಲಿ ಕೂರಿಸಿಕೊಂಡು ಸಲಾಮಿ ಸ್ಯಾಂಡ್‌ವಿಚ್ ತಿನ್ನಿಸಿದನಂತೆ. ಬೆಳಗಾದರೆ ಊರಿಗೆ ಹಿಂದಿರುಗುವ ಯೋಚನೆಯಲ್ಲಿದ್ದ ಹುಡುಗ ಉಳಿದುಕೊಂಡ. ಹೊಸಬನಿಗೆ ಜಾಗ ಕೊಡುತ್ತಿದ್ದವನ ಮನೆಯಲ್ಲಿ ಹೊಸಬರು ಕಲಿಯುತ್ತಿದ್ದರೆ ನೋಡಲು ಬಂದವನಿಗೂ ಅದು ಗಾಜಿನ ಪೆಟ್ಟಿಗೆಯೊಳಗಿನ ಟೋಪಿಗಿಂತ ಹೆಚ್ಚು ಹೇಳುತ್ತದೆ.

ಇನ್ನು ಅರ್ಧ ದಿನದ ಪ್ರಶ್ನೆ. ಏಳು ಕಿಲೋಮೀಟರ್ ದೂರದ ಒಂದು ಮನೆಗಾಗಿ ಯಾರು ಬರುತ್ತಾರೆ ಎನ್ನುವವರು ಆ ಮನೆಯೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಾನು ಇಡೀ ದಾರಿಯನ್ನು ಹಿಡಿಯುತ್ತೇನೆ. ರೈಲು ಇಳಿದ ಜಾಗ, ರೆಕಾರ್ಡ್ ಮಾಡಿದ ಕಟ್ಟಡ, ಬದುಕಿದ ಮನೆ, ರಾತ್ರಿಗೆ ವಾಬಾಷ್ ಅವೆನ್ಯೂದಲ್ಲಿ ಬಡ್ಡಿ ಗೈ 1989ರಲ್ಲಿ ತೆರೆದ ಕ್ಲಬ್. ಮಿಸಿಸಿಪ್ಪಿ ರಾಜ್ಯ ಇದನ್ನು ಮಾಡಿ ತೋರಿಸಿದೆ. 2006ರಲ್ಲಿ ಆರಂಭಕಾಲದ ಬ್ಲೂಸ್ ಹಾಡುಗಾರ ಚಾರ್ಲಿ ಪ್ಯಾಟನ್ ಸಮಾಧಿಯ ಬಳಿ ಮೊದಲ ಫಲಕ ನೆಟ್ಟು ಶುರುಮಾಡಿದ ಬ್ಲೂಸ್ ಟ್ರೇಲ್‌ನಲ್ಲಿ ಈಗ ಇನ್ನೂರಕ್ಕೂ ಹೆಚ್ಚು ಫಲಕಗಳಿವೆ. ಒಂದು ಫಲಕ ನೋಡಿದವನು ಮುಂದಿನದಕ್ಕೆ ಗಾಡಿ ತಿರುಗಿಸುತ್ತಾನೆ. ಶಿಕಾಗೊದಲ್ಲಿ ಇದಕ್ಕೆ ಬೇಕಾದುದು ಒಂದು ಟಿಕೆಟ್, ಒಂದು ಬಸ್, ಬಸ್ಸಿನೊಳಗೆ ಕಾಲಕ್ರಮದಲ್ಲಿ ಹಾಡುಗಳು.

ಮಾವನನ್ನು ಅಂದು ಆ ಮನೆಯವರೆಗೂ ಕರೆದುಕೊಂಡು ಹೋಗಿದ್ದೆ. ಹೊರಗಿನಿಂದ ಮಾತ್ರ ನೋಡಿದೆವು. ಅವರು ನೆಲಮಟ್ಟದ ಸಣ್ಣ ಕಿಟಕಿಯನ್ನು ತೋರಿಸಿ, "ಅಭ್ಯಾಸ ಮಾಡುತ್ತಿದ್ದುದು ಅದರ ಹಿಂದೆಯೇ? ಹಾಗಾದರೆ ಹಾಡು ಈ ಫುಟ್‌ಪಾತಿಗೂ ಕೇಳಿಸುತ್ತಿತ್ತು" ಎಂದರು. ಹದಿನೈದು ವರ್ಷ ಶಬ್ದದ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಬಾಗಿಲು ತೆರೆದ ಮೇಲೆ ವಾರಕ್ಕೊಂದು ಸಂಜೆ ಆ ಕಿಟಕಿಯನ್ನು ತೆರೆದಿಟ್ಟು ಕೆಳಗೆ ನುಡಿಸಬೇಕು, ಟಿಕೆಟ್ ಇಲ್ಲದೆ ನಿಂತವರಿಗಾಗಿ. ಬೆಂಚುಗಳ ನಕ್ಷೆಯ ಪಕ್ಕದಲ್ಲಿ ಇದನ್ನೂ ಬರೆದಿಟ್ಟುಕೊಂಡಿದ್ದೇನೆ.