ಆ ಹಳೇ ನಿಯಮ ವಾಪಸ್ ಬಂದರೆ ಫಾಕ್ಸ್ ನ್ಯೂಸ್ ಸರಿಹೋಗುತ್ತಾ?

ಓದುಗರ ಪ್ರಶ್ನೆ: "ಅಮೆರಿಕದ ಸುದ್ದಿ ಚಾನೆಲ್‌ಗಳು ರಾಜಾರೋಷವಾಗಿ ಒಂದೊಂದು ಪಕ್ಷದ ಪರ ನಿಂತಿವೆ. ಎರಡೂ ಕಡೆಯವರಿಗೆ ಸಮಾನ ಸಮಯ ಕೊಡಬೇಕು ಅಂತ ಹಿಂದೆ ಅಲ್ಲಿ ಕಾನೂನು ಇತ್ತಂತೆ. ರೇಗನ್ ಅದನ್ನು ತೆಗೆದುಹಾಕಿದ್ದಕ್ಕೇ ಫಾಕ್ಸ್ ನ್ಯೂಸ್ ಹುಟ್ಟಿತಂತೆ. ಅದನ್ನು ಮತ್ತೆ ತಂದರೆ ಆಯಿತಲ್ಲ, ಯಾಕೆ ತರುವುದಿಲ್ಲ?"

ಅಮೆರಿಕದಲ್ಲಿ ಚುನಾವಣೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಮಗನೋ ಮಗಳೋ ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಅಪ್ಪ ಅಮ್ಮಂದಿರು ಕೇಳುತ್ತಾರೆ. ಕೆಲವರು ವಾಟ್ಸಾಪ್ ಫಾರ್ವರ್ಡನ್ನೂ ಜೊತೆಗೆ ಕಳಿಸಿ "ಇದು ನಿಜಾನಾ?" ಅಂತಾರೆ. ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಮತ್ತೆ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ಕಳಿಸಿ.

ಆ ನಿಯಮ ನಾಳೆ ಬೆಳಿಗ್ಗೆ ಹಳೇ ರೂಪದಲ್ಲೇ ವಾಪಸ್ ಬಂತು ಅಂದುಕೊಳ್ಳಿ. ಫಾಕ್ಸ್ ನ್ಯೂಸ್‌ನಲ್ಲಿ ಏನೂ ಬದಲಾಗುವುದಿಲ್ಲ. ಸಿಎನ್‌ಎನ್‌ನಲ್ಲೂ ಅಷ್ಟೇ. ಯಾಕೆ ಅಂತ ತಿಳಿಯಬೇಕಾದರೆ ಆ ನಿಯಮ ಯಾರಿಗೆ ಮಾಡಿದ್ದು ಅನ್ನುವುದನ್ನು ಮೊದಲು ನೋಡಬೇಕು.

ಅದರ ಹೆಸರು ಫೇರ್‌ನೆಸ್ ಡಾಕ್ಟ್ರಿನ್. ರೇಡಿಯೊ ಮತ್ತು ಟಿವಿ ಸ್ಟೇಷನ್‌ಗಳಿಗೆ ಲೈಸೆನ್ಸ್ ಕೊಡುವ ಎಫ್‌ಸಿಸಿ ಅನ್ನುವ ಆಯೋಗ 1949ರಲ್ಲಿ ಇದನ್ನು ತಂದಿತು. ಇದರಲ್ಲಿ ಇದ್ದದ್ದು ಎರಡೇ ಮಾತು. ಜನರಿಗೆ ಮುಖ್ಯವಾದ, ವಿವಾದ ಇರುವ ವಿಷಯಗಳನ್ನು ಸ್ಟೇಷನ್‌ಗಳು ಪ್ರಸಾರ ಮಾಡಲೇಬೇಕು. ಹಾಗೆ ಮಾಡುವಾಗ ಬೇರೆ ಅಭಿಪ್ರಾಯಗಳಿಗೂ ತಕ್ಕಷ್ಟು ಅವಕಾಶ ಕೊಡಬೇಕು. "ಸಮಾನ ಸಮಯ" ಅನ್ನುವುದು ಇದರಲ್ಲಿ ಇರಲೇ ಇಲ್ಲ. ಗಡಿಯಾರ ಇಟ್ಟುಕೊಂಡು ಈ ಕಡೆಗೆ 10 ನಿಮಿಷ, ಆ ಕಡೆಗೆ 10 ನಿಮಿಷ ಅಂತ ಯಾರೂ ಅಳೆಯುತ್ತಿರಲಿಲ್ಲ.

ಒಂದು ಮಾಧ್ಯಮಕ್ಕೆ "ನೀನು ಇಂಥದ್ದನ್ನು ಹೇಳಲೇಬೇಕು" ಅಂತ ಸರ್ಕಾರ ಹೇಳುವುದನ್ನು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಒಪ್ಪುವುದಿಲ್ಲ. ಹಾಗಿದ್ದರೂ ಈ ನಿಯಮ ಹೇಗೆ ಬದುಕಿತು? ಕಾರಣ ಆಂಟೆನಾ. ನಮ್ಮಲ್ಲೂ ಒಬ್ಬರು ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತಾ "ಬಂತಾ?" ಅಂತ ಕೂಗಿದರೆ ಕೆಳಗಿನಿಂದ ಇನ್ನೊಬ್ಬರು "ಇನ್ನೂ ಸ್ವಲ್ಪ" ಅನ್ನುತ್ತಿದ್ದ ಕಾಲ ಒಂದಿತ್ತಲ್ಲ. ಆ ಟಿವಿ ಗಾಳಿಯ ತರಂಗದಲ್ಲಿ ಬರುತ್ತಿತ್ತು. ಒಂದು ಊರಿನ ಗಾಳಿಯಲ್ಲಿ ಬೆರಳೆಣಿಕೆಯಷ್ಟು ಸ್ಟೇಷನ್‌ಗಳಿಗೆ ಮಾತ್ರ ಜಾಗ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಹಾಗಾಗಿ ಲೈಸೆನ್ಸ್ ಸಿಕ್ಕವರು ಸಿಗದವರ ಮಾತನ್ನೂ ಸ್ವಲ್ಪ ಕೇಳಿಸಬೇಕು ಅನ್ನುವುದು ವಾದ.

ಈ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 1969ರಲ್ಲಿ. ಆ ಕೇಸಿನ ಕಥೆ ನನಗೆ ಬಹಳ ಇಷ್ಟ. ಪೆನ್ಸಿಲ್ವೇನಿಯಾದಲ್ಲಿ ರೆಡ್ ಲಯನ್ ಅಂತ ಒಂದು ಸಣ್ಣ ಊರು. ಅಲ್ಲಿನ ರೇಡಿಯೊ ಸ್ಟೇಷನ್‌ನಲ್ಲಿ 1964ರ ನವೆಂಬರ್‌ನಲ್ಲಿ ಬಿಲ್ಲಿ ಜೇಮ್ಸ್ ಹಾರ್ಗಿಸ್ ಎಂಬ ಪಾದ್ರಿ 15 ನಿಮಿಷದ ಕಾರ್ಯಕ್ರಮದಲ್ಲಿ ಫ್ರೆಡ್ ಕುಕ್ ಎಂಬ ಪತ್ರಕರ್ತರನ್ನು ತರಾಟೆಗೆ ತೆಗೆದುಕೊಂಡರು. ಆ ವರ್ಷ ರಿಪಬ್ಲಿಕನ್ ಅಭ್ಯರ್ಥಿಯಾಗಿದ್ದ ಗೋಲ್ಡ್‌ವಾಟರ್ ವಿರುದ್ಧ ಕುಕ್ ಪುಸ್ತಕ ಬರೆದಿದ್ದರು, ಅದಕ್ಕೆ. "ಉತ್ತರ ಕೊಡಲು ನನಗೂ ಸಮಯ ಕೊಡಿ" ಅಂತ ಕುಕ್ ಕೇಳಿದರು. ಸ್ಟೇಷನ್‌ನವರು ಪುಕ್ಕಟೆಯಾಗಿ ಕೊಡಲು ಒಪ್ಪಲಿಲ್ಲ. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿ ಕುಕ್ ಪರವಾಗಿ ತೀರ್ಪು ಬಂತು.

ಐದು ವರ್ಷ ಬಿಟ್ಟು, 1974ರಲ್ಲಿ, ಅದೇ ಕೋರ್ಟಿನ ಮುಂದೆ ಮಯಾಮಿ ಹೆರಾಲ್ಡ್ ಪತ್ರಿಕೆಯ ಕೇಸು ಬಂತು. ಪತ್ರಿಕೆ ಟೀಕಿಸಿದ ಅಭ್ಯರ್ಥಿಯ ಉತ್ತರವನ್ನೂ ಅದು ಛಾಪಿಸಬೇಕು ಅಂತ ಫ್ಲಾರಿಡಾದಲ್ಲಿ ಕಾನೂನು ಇತ್ತು. ಕೋರ್ಟ್ ಆ ಕಾನೂನನ್ನೇ ಹೊಡೆದುಹಾಕಿತು. ಪತ್ರಿಕೆ ಗಾಳಿಯ ತರಂಗ ಬಳಸುವುದಿಲ್ಲ, ಅದಕ್ಕೆ ಸರ್ಕಾರದ ಲೈಸೆನ್ಸೂ ಬೇಕಿಲ್ಲ. ಈ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ವಿಷಯ ಅರ್ಧ ತಿಳಿದ ಹಾಗೆ.

ಈಗ ಫಾಕ್ಸ್ ನ್ಯೂಸ್‌ಗೆ ಬನ್ನಿ. ಅದು ಕೇಬಲ್ ಚಾನೆಲ್. ಗಾಳಿಯ ತರಂಗ ಹಂಚುವಾಗ ಅದಕ್ಕೆ ಪಾಲು ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಎಫ್‌ಸಿಸಿ ಲೈಸೆನ್ಸ್ ಕೊಡುವುದು ಒಂದೊಂದು ಊರಿನ ಸ್ಟೇಷನ್‌ಗೆ, ಅದೂ 8 ವರ್ಷಕ್ಕೊಮ್ಮೆ. ಫಾಕ್ಸ್ ನ್ಯೂಸ್ ಆಗಲಿ ಸಿಎನ್‌ಎನ್ ಆಗಲಿ ಅಂಥ ಸ್ಟೇಷನ್ ಅಲ್ಲ. ಕಿತ್ತುಕೊಳ್ಳಲು ಅವುಗಳ ಹತ್ತಿರ ಲೈಸೆನ್ಸೇ ಇಲ್ಲ. ಫಾಕ್ಸ್ ಹೆಸರಿನ ಸ್ಥಳೀಯ ಸ್ಟೇಷನ್‌ಗಳೂ ಇವೆ, ಅವುಗಳಿಗೆ ಲೈಸೆನ್ಸ್ ಇದೆ. ಆದರೆ ರಾತ್ರಿ ಹೊತ್ತು ನೀವು ಯೂಟ್ಯೂಬ್‌ನಲ್ಲಿ ನೋಡಿ ಸಿಟ್ಟಾಗುವ ಆ ನಿರೂಪಕರು ಕೇಬಲ್ ಚಾನೆಲ್‌ನವರು. ನಮ್ಮಲ್ಲಿ ಸ್ಯಾಟಲೈಟ್ ಚಾನೆಲ್ ನಡೆಸಲು ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು. ಅಲ್ಲೂ ಹಾಗೇ ಇರಬೇಕು ಅಂತ ನಮ್ಮವರಿಗೆ ಅನ್ನಿಸುವುದು ಸಹಜ. ಆದರೆ ಅಲ್ಲಿ ಹಾಗಿಲ್ಲ.

ಇಸವಿಗಳನ್ನು ನೋಡಿದರೂ ಫಾರ್ವರ್ಡ್‌ನ ಕಥೆ ನಿಲ್ಲುವುದಿಲ್ಲ. ಸಿಎನ್‌ಎನ್ ಶುರುವಾಗಿದ್ದು 1980ರಲ್ಲಿ, ಡಾಕ್ಟ್ರಿನ್ ಇನ್ನೂ ಜಾರಿಯಲ್ಲಿ ಇದ್ದಾಗಲೇ. ಎಫ್‌ಸಿಸಿ ಅದನ್ನು ಕೈಬಿಟ್ಟಿದ್ದು 1987ರ ಆಗಸ್ಟ್‌ನಲ್ಲಿ. ಫಾಕ್ಸ್ ನ್ಯೂಸ್ ಬಂದಿದ್ದು 1996ರ ಅಕ್ಟೋಬರ್‌ನಲ್ಲಿ. ನಡುವೆ 9 ವರ್ಷ ಇದೆ. ಎಂಎಸ್‌ಎನ್‌ಬಿಸಿ ಕೂಡ ಅದೇ ವರ್ಷ, ಫಾಕ್ಸ್‌ಗಿಂತ ಮೂರು ತಿಂಗಳು ಮೊದಲು ಬಂತು. ಇವೆಲ್ಲ ಬೆಳೆದದ್ದು ಮನೆಮನೆಗೆ ಕೇಬಲ್ ಬಂದಿದ್ದರಿಂದ. ಕೇಬಲ್ ಚಾನೆಲ್ ಮಾಡಿದ್ದಕ್ಕೆ ಸ್ಟೇಷನ್‌ಗಳ ನಿಯಮ ವಾಪಸ್ ತರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹಾಗಂತ ರೇಗನ್‌ಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುತ್ತಿಲ್ಲ. 1987ರ ಜೂನ್‌ನಲ್ಲಿ ಸಂಸತ್ತು ಈ ನಿಯಮವನ್ನು ಕಾಯಂ ಕಾನೂನು ಮಾಡುವ ಮಸೂದೆ ಕಳಿಸಿತು. ರೇಗನ್ ಅದಕ್ಕೆ ವೀಟೊ ಹಾಕಿದರು. ಅದಾದ ಮೇಲೆ ರೇಡಿಯೊ ನಿಜಕ್ಕೂ ಬದಲಾಯಿತು. ಮರುವರ್ಷವೇ ರಶ್ ಲಿಂಬಾ ಅವರ ಕಾರ್ಯಕ್ರಮ ದೇಶದ ತುಂಬ ಕೇಳಿಸತೊಡಗಿತು. ದಿನಕ್ಕೆ ಮೂರು ಗಂಟೆ ಒಂದೇ ಪಕ್ಷದ ಪರ ಮಾತು. ಡಾಕ್ಟ್ರಿನ್ ಇದ್ದಿದ್ದರೆ ಅದನ್ನು ಹಾಕುವ ಸ್ಟೇಷನ್‌ಗಳು ದೂರಿಗೆ ಹೆದರುತ್ತಿದ್ದವು. "ರೇಗನ್ ಕಾಲದಲ್ಲಿ ರೇಡಿಯೊ ಬದಲಾಯಿತು" ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಇನ್ನು ಆ "ಸಮಾನ ಸಮಯ". ಅದು ಬೇರೆಯದೇ ನಿಯಮ. 1934ರ ಕಾನೂನಿನಲ್ಲಿದೆ, ಈಗಲೂ ಇದೆ. ಅದು ಅಭ್ಯರ್ಥಿಗಳಿಗೆ ಮಾತ್ರ. ಒಬ್ಬ ಅಭ್ಯರ್ಥಿಗೆ ಸ್ಟೇಷನ್ ಸಮಯ ಕೊಟ್ಟರೆ ಎದುರಾಳಿ ಕೇಳಿದಾಗ ಅಷ್ಟೇ ಸಮಯ ಕೊಡಬೇಕು. ಸುದ್ದಿಗೆ ಇದರಿಂದ ವಿನಾಯಿತಿ ಇದೆ, ಸಿನಿಮಾಕ್ಕೆ ಇಲ್ಲ. ಅದಕ್ಕೇ ರೇಗನ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅವರು ನಟಿಸಿದ್ದ ಹಳೇ ಚಿತ್ರಗಳನ್ನು ಸ್ಟೇಷನ್‌ಗಳು ಹಾಕುತ್ತಿರಲಿಲ್ಲ. 2003ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಸ್ಥಾನಕ್ಕೆ ನಿಂತ ಶ್ವಾರ್ಜ್‌ನೆಗರ್ ಅವರ ಚಿತ್ರಗಳಿಗೂ ಹೀಗೇ ಆಯಿತು. ನಮ್ಮಲ್ಲೂ ಚುನಾವಣೆ ಬಂದಾಗ ನಟರ ಸಿನಿಮಾ ಬಗ್ಗೆ ಇಂಥದ್ದೇ ಚರ್ಚೆ ಏಳುತ್ತದೆ, ಅಲ್ವಾ?

ಹಾಗಾದರೆ ಸುಳ್ಳು ಹೇಳಿದರೂ ಕೇಳುವವರಿಲ್ಲವೇ? ಇದ್ದಾರೆ. ಮಾನನಷ್ಟ ಮೊಕದ್ದಮೆ ಇದೆ. 2020ರ ಚುನಾವಣೆಯಲ್ಲಿ ಮತಯಂತ್ರಗಳು ಮೋಸ ಮಾಡಿದವು ಅನ್ನುವ ಆರೋಪವನ್ನು ಫಾಕ್ಸ್ ನ್ಯೂಸ್ ಪ್ರಸಾರ ಮಾಡಿತು. ಯಂತ್ರ ತಯಾರಿಸುವ ಡೊಮಿನಿಯನ್ ಕಂಪನಿ ಕೋರ್ಟಿಗೆ ಹೋಯಿತು. ಡೊಮಿನಿಯನ್ ಬಗ್ಗೆ ಹೇಳಿದ್ದು ಸುಳ್ಳು ಅಂತ ವಿಚಾರಣೆ ಶುರುವಾಗುವ ಮೊದಲೇ ನ್ಯಾಯಾಧೀಶರು ಹೇಳಿದರು. 2023ರ ಏಪ್ರಿಲ್‌ನಲ್ಲಿ ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆದರೆ ಇದು ಸುಳ್ಳಿಗೆ ಮದ್ದು, ಅದೂ ಒಬ್ಬರ ಹೆಸರು ಕೆಡಿಸಿದ ಸುಳ್ಳಿಗೆ. ಪಕ್ಷಪಾತಕ್ಕೆ ಇದರಲ್ಲಿ ಮದ್ದಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಡಾಕ್ಟ್ರಿನ್ ಇದ್ದಾಗ ಜನ ಟಿವಿ ಸುದ್ದಿಯನ್ನು ನಂಬುತ್ತಿದ್ದರಾ? ಈಗಿನದಕ್ಕೆ ಹೋಲಿಸಿದರೆ ತುಂಬಾ ಜಾಸ್ತಿ. ಮಾಧ್ಯಮಗಳ ಮೇಲೆ ನಂಬಿಕೆ ಇದೆ ಅಂದವರು ಗ್ಯಾಲಪ್ ಸಮೀಕ್ಷೆಯಲ್ಲಿ 1976ರಲ್ಲಿ ಶೇ 72 ಇದ್ದರು, 2024ರಲ್ಲಿ ಶೇ 31. ಆದರೆ ಪಕ್ಷಪಾತದ ದೂರು ಆಗಲೂ ಜೋರಾಗಿಯೇ ಇತ್ತು. 1969ರ ನವೆಂಬರ್ 13ರಂದು ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಅಯೋವಾದ ಡೆ ಮಾಯ್ನ್‌ನಲ್ಲಿ ಟಿವಿ ಸುದ್ದಿಯ ಮೇಲೆಯೇ ಒಂದು ಭಾಷಣ ಮಾಡಿದರು. ಯಾರೂ ಆರಿಸದ ಕೆಲವೇ ಜನ ದೇಶಕ್ಕೆಲ್ಲ ಸುದ್ದಿ ತೀರ್ಮಾನ ಮಾಡುತ್ತಾರೆ ಅನ್ನುವುದು ಅವರ ಸಿಟ್ಟು. ಅವರು ಬೈದ ಮೂರೂ ನೆಟ್‌ವರ್ಕ್‌ಗಳು ಆ ಭಾಷಣವನ್ನು ನೇರ ಪ್ರಸಾರ ಮಾಡಿದವು.

ಇದಕ್ಕೆ ಸೇರಿದ ಒಂದು ಅಧ್ಯಯನವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. 1982ರಲ್ಲಿ ಬೈರೂತ್‌ನ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯಾಕಾಂಡ ನಡೆಯಿತು. ಅಮೆರಿಕದ ನೆಟ್‌ವರ್ಕ್‌ಗಳು ಅದರ ಬಗ್ಗೆ ಹಾಕಿದ ಸುದ್ದಿಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರು ಇಸ್ರೇಲ್ ಪರ, ಕೆಲವರು ಅರಬ್ಬರ ಪರ. ಎಲ್ಲರೂ ನೋಡಿದ್ದು ಅದದೇ ತುಣುಕುಗಳನ್ನು. ಇಸ್ರೇಲ್ ಪರ ಇದ್ದವರು ಇದು ಇಸ್ರೇಲ್ ವಿರುದ್ಧ ವಾಲಿದೆ ಅಂದರು. ಅರಬ್ಬರ ಪರ ಇದ್ದವರು ಇದು ಇಸ್ರೇಲ್ ಕಡೆಗೇ ವಾಲಿದೆ ಅಂದರು. ವಿಷಯ ಹೆಚ್ಚು ತಿಳಿದವರಿಗೆ ಪಕ್ಷಪಾತ ಇನ್ನೂ ಜಾಸ್ತಿ ಕಂಡಿತು. ಈ ಅಧ್ಯಯನ ಪ್ರಕಟವಾಗಿದ್ದು 1985ರಲ್ಲಿ. ಆ ಸುದ್ದಿ ಪ್ರಸಾರವಾದಾಗಲೂ ಅಧ್ಯಯನ ಪ್ರಕಟವಾದಾಗಲೂ ಫೇರ್‌ನೆಸ್ ಡಾಕ್ಟ್ರಿನ್ ಜಾರಿಯಲ್ಲೇ ಇತ್ತು.