ಕಡಲಿನಿಂದ ಬೆಟ್ಟಕ್ಕೆ, ಕಾರುಗಳ ಕಾಟವಿಲ್ಲದ ದಾರಿ ಇದೆಯೇ?

ಓದುಗರ ಪ್ರಶ್ನೆ: ದಕ್ಷಿಣ ಫ್ರಾನ್ಸ್‌ನ ನೀಸ್‌ನಲ್ಲಿ ಕೆಲವು ದಿನ ಇರುತ್ತೇನೆ. ರೋಡ್ ಬೈಕ್ ಬಾಡಿಗೆಗೆ ಪಡೆದು ಮೆಡಿಟರೇನಿಯನ್ ಕಡಲಿನಿಂದ ಆಲ್ಪ್ಸ್ ಕಡೆಗೆ ಹತ್ತಬೇಕೆಂಬ ಆಸೆ. ಆದರೆ ಕಡಲ ದಂಡೆಯ ರಸ್ತೆಯ ವಿಡಿಯೊ ನೋಡಿದರೆ ಕಾರುಗಳ ಸಾಲೇ ಸಾಲು. ನೆಮ್ಮದಿಯಾಗಿ ಪೆಡಲ್ ತುಳಿಯುವಂಥ ದಾರಿ ಅಲ್ಲಿದೆಯೇ?

ಇದೆ, ಅದೂ ಹಲವು. ಆದರೆ ಒಂದೇ ಒಂದು ದಿನ ಸಿಗುತ್ತದೆ, ಒಂದೇ ದಾರಿ ಹೇಳಿ ಎಂದರೆ ನನ್ನ ಉತ್ತರ ಇದು: ನೀಸ್‌ನಲ್ಲಿ ಸೈಕಲ್ ಸಮೇತ ರೈಲು ಹತ್ತಿ, ಲೆಸ್ಕರೆನ್ ಎಂಬ ಊರಿನಲ್ಲಿ ಇಳಿಯಿರಿ. ಅಲ್ಲಿಂದ ಕೊಲ್ ದ ಬ್ರೌಸ್ (ಫ್ರೆಂಚ್‌ನಲ್ಲಿ ‘ಕೊಲ್’ ಎಂದರೆ ಘಾಟಿ) ಹತ್ತಿ ಸೋಸ್ಪೆಲ್‌ಗೆ ಇಳಿಯಿರಿ. ಮತ್ತೆ ಕೊಲ್ ದ ಕಾಸ್ತಿಯೋನ್ ಹತ್ತಿ, ಇಟಲಿ ಗಡಿಗೆ ಅಂಟಿಕೊಂಡಿರುವ ಮಾಂತೋನ್‌ನಲ್ಲಿ ಕಡಲು ಸೇರಿ. ದೂರ ಹೆಚ್ಚುಕಡಿಮೆ 45 ಕಿಲೋಮೀಟರ್, ಒಟ್ಟು ಏರು ಸುಮಾರು 1,000 ಮೀಟರ್. ಮಾಂತೋನ್‌ನಿಂದ ನೀಸ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ವಾಪಸ್.

ಈ ದಾರಿಯನ್ನೇ ಏಕೆ ಹೇಳುತ್ತೇನೆಂದರೆ, ಇದು ಸುಮ್ಮನೆ ಅದೃಷ್ಟದಿಂದ ಖಾಲಿ ಬಿದ್ದಿರುವ ರಸ್ತೆಯಲ್ಲ. ಇದರ ಕೆಲಸವನ್ನು ಬೇರೆ ದಾರಿಗಳು ಕಿತ್ತುಕೊಂಡಿವೆ. ಆ ಕಡಲತೀರದಲ್ಲಿ ಶಾಂತವಾದ ರಸ್ತೆ ಹುಡುಕುವ ಗುಟ್ಟು ಇಷ್ಟೇ. ಎರಡು ಊರುಗಳ ನಡುವೆ ಹೊಸ ಸುರಂಗವೋ ಹೆದ್ದಾರಿಯೋ ಬಂದಿದ್ದರೆ ಹಳೆಯ ಘಾಟಿ ರಸ್ತೆ ನಮ್ಮ ಪಾಲಿಗೆ ಉಳಿದಿರುತ್ತದೆ. ಒಂದು ಊರಿಗೆ ಇರುವುದೇ ಒಂದು ದಾರಿಯಾದರೆ, ನಕ್ಷೆಯಲ್ಲಿ ಅದು ಎಷ್ಟೇ ಸಣ್ಣ ಗೆರೆಯಾಗಿ ಕಂಡರೂ ಬೆಳಿಗ್ಗೆ ಎಂಟಕ್ಕೆ ಊರಿನವರೆಲ್ಲ ಅದರಲ್ಲೇ ಕೆಲಸಕ್ಕೆ ಹೊರಟಿರುತ್ತಾರೆ.

ಕಡಲ ಪಕ್ಕ ಕಾರುಗಳು ಅಷ್ಟೊಂದು ಇರುವುದಕ್ಕೂ ನೆಲದ ಸ್ವರೂಪವೇ ಕಾರಣ. ನೀಸ್‌ನಿಂದ ಪೂರ್ವಕ್ಕೆ ಬೆಟ್ಟಗಳು ನೀರಿನ ಅಂಚಿನಿಂದಲೇ ಎದ್ದು ನಿಂತಿವೆ, ಬಯಲು ಅನ್ನುವುದೇ ಇಲ್ಲ. ಹಾಗಾಗಿ ಬೆಟ್ಟದ ಮೈಮೇಲೆ ಒಂದರ ಮೇಲೊಂದು ಮೂರು ರಸ್ತೆಗಳನ್ನು ಕೊರೆದಿದ್ದಾರೆ, ಮೂರಕ್ಕೂ ಕಾರ್ನಿಶ್ ಎಂದೇ ಹೆಸರು. ಕೆಳಗಿನದು ವಿಲ್‌ಫ್ರಾಂಶ್, ಬೋಲ್ಯೂ, ಮೊನಾಕೊಗಳನ್ನು ಹೊಲಿದುಕೊಂಡು ಹೋಗುತ್ತದೆ. ಮೊನಾಕೊದಲ್ಲಿ ದುಡಿದು ಫ್ರಾನ್ಸ್‌ನಲ್ಲಿ ಮಲಗುವ ಸಾವಿರಾರು ಜನರ ನಿತ್ಯದ ದಾರಿ ಅದು. ನಡುವಿನದರಲ್ಲಿ ಕಾರುಗಳ ವೇಗ ಹೆಚ್ಚು. ಮೇಲಿನದು ಗ್ರಾಂಡ್ ಕಾರ್ನಿಶ್, ನೆಪೋಲಿಯನ್ ಕಾಲದಲ್ಲಿ ಮಾಡಿಸಿದ್ದು. ಸುಮಾರು 500 ಮೀಟರ್ ಎತ್ತರದ ಕೊಲ್ ದೇಜ಼್ ಮೇಲೆ ಹಾಯುವ ಈ ರಸ್ತೆ ಮೂರರಲ್ಲಿ ಸೈಕಲ್‌ಗೆ ಯೋಗ್ಯ. ಪ್ಯಾರಿಸ್–ನೀಸ್ ರೇಸ್ ಎಷ್ಟೋ ಬಾರಿ ತೀರ್ಮಾನವಾದದ್ದು ಇದೇ ಏರಿನಲ್ಲಿ. 2024ರಲ್ಲಿ ಟೂರ್ ದ ಫ್ರಾನ್ಸ್ ಪ್ಯಾರಿಸ್ ಬಿಟ್ಟು ನೀಸ್‌ನಲ್ಲಿ ಮುಗಿದಾಗ, ಮೊನಾಕೊದಿಂದ ಹೊರಟ ಕೊನೆಯ ದಿನದ ಟೈಮ್ ಟ್ರಯಲ್ (ಒಬ್ಬೊಬ್ಬರೇ ಹೊರಟು ಸಮಯದ ಲೆಕ್ಕದಲ್ಲಿ ಗೆಲ್ಲುವ ಸುತ್ತು) ಬಂದದ್ದೂ ಇಲ್ಲಿಂದಲೇ. ದೂರ ಹೋಗುವ ಕಾರು, ಲಾರಿಗಳನ್ನೆಲ್ಲ ಹಿಂದಿನ ಬೆಟ್ಟಗಳಲ್ಲಿ ಸುರಂಗ ಕೊರೆದು ಹೋಗಿರುವ ಎ8 ಹೆದ್ದಾರಿ ಎಳೆದುಕೊಂಡಿದೆ.

ಈಗ ಬ್ರೌಸ್‌ಗೆ ಬರೋಣ. ನೀಸ್ ಪ್ರಾಂತ್ಯ ಕಾಯಂ ಆಗಿ ಫ್ರಾನ್ಸ್‌ಗೆ ಸೇರಿದ್ದು 1860ರಲ್ಲಿ. ಅದಕ್ಕೂ ಮುನ್ನ, ಫ್ರೆಂಚ್ ಕ್ರಾಂತಿ ಮತ್ತು ನೆಪೋಲಿಯನ್ ಕಾಲದ ಸುಮಾರು ಎರಡು ದಶಕ ಬಿಟ್ಟರೆ, ಸವೋಯ್ ಮನೆತನದ ಆಳ್ವಿಕೆಯಲ್ಲಿತ್ತು. ರಾಜಧಾನಿ ಬೆಟ್ಟಗಳಾಚೆಯ ತೂರಿನ್. ಕಡಲಿನ ಉಪ್ಪು ಹೇಸರಗತ್ತೆಗಳ ಬೆನ್ನೇರಿ ಅಲ್ಲಿಗೆ ಹೋಗುತ್ತಿದ್ದುದು ಇದೇ ಬ್ರೌಸ್ ದಾಟಿ. 18ನೇ ಶತಮಾನದ ಕೊನೆಯ ಹೊತ್ತಿಗೆ ಅದು ಗಾಡಿಗಳು ಓಡಾಡುವಂಥ ರಾಜಮಾರ್ಗವಾಯಿತು. ಗಾಡಿ ಎಳೆಯುವ ಪ್ರಾಣಿಗೆ ತಡೆಯುವಷ್ಟೇ ಏರು ಇಟ್ಟು ಕಟ್ಟಿದ ರಸ್ತೆ ಎನ್ನುವುದು ಪೆಡಲ್ ತುಳಿಯುವಾಗ ಗೊತ್ತಾಗುತ್ತದೆ. ಸರಾಸರಿ ಶೇ 6ರ ಆಸುಪಾಸು, ಎದೆಗೆ ಒದ್ದಂತೆ ಎದುರಾಗುವ ಗೋಡೆಯಂಥ ತುಂಡುಗಳು ಕಡಿಮೆ. ಆಮೇಲೆ 1928ರಲ್ಲಿ ರೈಲು ಬಂತು. ಬ್ರೌಸ್‌ನ ಹೊಟ್ಟೆಯಲ್ಲೇ ಸುಮಾರು 6 ಕಿಲೋಮೀಟರ್ ಸುರಂಗ ಕೊರೆದು ಹೋಗುವ ಹಳಿ ಅದು. ಇಟಲಿಗೆ ಹೋಗುವ ಕಾರುಗಳು ಕಡಲ ಬದಿಯ ಹೆದ್ದಾರಿ ಹಿಡಿದವು. ಸೋಸ್ಪೆಲ್‌ನವರೂ ಪೇಟೆಗೆ ಹೋಗಲು ಮಾಂತೋನ್ ಕಡೆಯ ದಾರಿಯನ್ನೇ ಹೆಚ್ಚು ನೆಚ್ಚುತ್ತಾರೆ. ಹೀಗೆ ಒಂದು ಕಾಲದ ರಾಜಮಾರ್ಗ ವಾರದ ದಿನಗಳಲ್ಲಿ ಬಹುತೇಕ ಖಾಲಿ.

ರೈಲು ಹತ್ತಿ ಎಂದದ್ದು ಸೋಮಾರಿತನಕ್ಕಲ್ಲ. ನೀಸ್‌ನಿಂದ ಲೆಸ್ಕರೆನ್‌ವರೆಗಿನ ಪಾಯೋನ್ ಕಣಿವೆ ಗೋದಾಮು, ಕಾರ್ಖಾನೆ, ಸಿಮೆಂಟ್ ಲಾರಿಗಳ ಜಾಗ. ಬ್ರೌಸ್ ಬಗ್ಗೆ ಗೊಣಗುವವರಲ್ಲಿ ಬಹುಪಾಲು ಜನ ಗೊಣಗುವುದು ಈ ಮೊದಲ 20 ಕಿಲೋಮೀಟರ್ ಬಗ್ಗೆಯೇ. ಪ್ರಾದೇಶಿಕ ರೈಲಿನಲ್ಲಿ ಸೈಕಲ್‌ಗೆ ಸಾಮಾನ್ಯವಾಗಿ ಬೇರೆ ಟಿಕೆಟ್ ಬೇಡ, ಆದರೆ ಜಾಗ ಇದ್ದರಷ್ಟೇ ಹತ್ತಿಸುತ್ತಾರೆ. ಹಿಂದಿನ ದಿನವೇ ವೇಳಾಪಟ್ಟಿ ನೋಡಿ. ಬೆಟ್ಟದ ಹಳಿಯಾದ್ದರಿಂದ ದುರಸ್ತಿಗೆಂದು ರೈಲು ನಿಲ್ಲಿಸಿ ಬಸ್ ಓಡಿಸುವುದುಂಟು, ಬಸ್ಸಿನಲ್ಲಿ ಸೈಕಲ್ ತೆಗೆದುಕೊಳ್ಳುತ್ತಾರೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಲೆಸ್ಕರೆನ್ ದಾಟಿದ ಮೇಲೆ ಮೊದಲು ಆಲಿವ್ ತೋಟಗಳು, ಆಮೇಲೆ ತುವೆ ಎಂಬ ಪುಟ್ಟ ಹಳ್ಳಿ, ಅಲ್ಲಿಂದಾಚೆ ಬೋಳು ಸುಣ್ಣಕಲ್ಲಿನ ಇಳಿಜಾರು. ನೆತ್ತಿಗೆ ಮುನ್ನ ಕಲ್ಲುಗೋಡೆ ಕಟ್ಟಿದ ಹೇರ್‌ಪಿನ್ ತಿರುವುಗಳು ಮೆಟ್ಟಿಲು ಜೋಡಿಸಿಟ್ಟಂತೆ ಬರುತ್ತವೆ. ಈ ಜಿಲ್ಲೆಯ ಹಲವು ಏರುಗಳಲ್ಲಿ ಮುಂದಿನ ಕಿಲೋಮೀಟರ್ ಎಷ್ಟು ಕಡಿದು ಎಂದು ತಿಳಿಸುವ ಫಲಕಗಳಿವೆ. ಅವನ್ನು ಓದುವುದು ಒಳ್ಳೆಯದೋ ಓದದಿರುವುದು ಒಳ್ಳೆಯದೋ, ನಿಮ್ಮ ಮನಸ್ಸಿಗೆ ಬಿಟ್ಟದ್ದು. ನೆತ್ತಿಯ ಎತ್ತರ 1,002 ಮೀಟರ್. ಅಲ್ಲಿ ಸೈಕಲ್ ರೇಸರ್ ರೆನೆ ವಿಯೆತ್ತೊ ಸ್ಮಾರಕವಿದೆ. 1934ರ ಟೂರ್ ದ ಫ್ರಾನ್ಸ್‌ನಲ್ಲಿ, ಆಗಿನ್ನೂ ಇಪ್ಪತ್ತರ ಹುಡುಗನಾಗಿದ್ದ ವಿಯೆತ್ತೊ, ತನ್ನ ಗೆಲುವಿನ ಆಸೆ ಬಿಟ್ಟು ತಂಡದ ನಾಯಕ ಆಂತೊನಿನ್ ಮಾಞ್ಞ್‌ಗೆ ಸೈಕಲ್ ಚಕ್ರ ಬಿಚ್ಚಿಕೊಟ್ಟು, ರಸ್ತೆಬದಿಯ ಗೋಡೆಯ ಮೇಲೆ ಕಣ್ಣೀರು ಹಾಕುತ್ತ ಕೂತ ಫೋಟೊ ಇಂದಿಗೂ ಸೈಕಲ್ ಪ್ರಿಯರ ಮನೆಗಳಲ್ಲಿ ಕಾಣುತ್ತದೆ. ಮಾಞ್ಞ್ ಆ ವರ್ಷ ಗೆದ್ದರು. ವಿಯೆತ್ತೊ ಈ ಕಡಲತೀರದವರೇ, ಅವರ ಚಿತಾಭಸ್ಮ ಸೇರಿದ್ದೂ ಈ ಘಾಟಿಗೇ.

ನಂದಿ ಬೆಟ್ಟವನ್ನು ನಿಲ್ಲದೆ ಹತ್ತುವವರಿಗೆ ಬ್ರೌಸ್ ಒಂದು ಸಮಸ್ಯೆಯಲ್ಲ. ಕಾಲು ಸೋಲುವುದು ಅದಾದ ಮೇಲೆ. ಸೋಸ್ಪೆಲ್‌ಗೆ ಇಳಿದಾಗ 350 ಮೀಟರ್ ಎತ್ತರದಲ್ಲಿರುತ್ತೀರಿ, ಕಾಸ್ತಿಯೋನ್ ನೆತ್ತಿ 706ರಲ್ಲಿದೆ. ಹಾಗಾಗಿ ಸೋಸ್ಪೆಲ್‌ನಲ್ಲಿ ಕೂತು ಊಟ ಮಾಡಿಯೇ ಮುಂದೆ ಹೋಗಿ. ಬೆವೆರಾ ಹೊಳೆಗೆ ಅಡ್ಡಲಾಗಿ, ನಡುವೆ ಗೋಪುರ ಹೊತ್ತ ಹಳೆಯ ಸೇತುವೆಯಿದೆ. ಉಪ್ಪಿನ ದಾರಿಯ ಸುಂಕ ವಸೂಲಾಗುತ್ತಿದ್ದುದು ಅಲ್ಲಿಯೇ. ಎರಡನೇ ಮಹಾಯುದ್ಧದಲ್ಲಿ ಹಾಳಾಗಿ ಮತ್ತೆ ಕಟ್ಟಿದ್ದು. ಕಾಸ್ತಿಯೋನ್‌ನಲ್ಲಿ ಮೇಲೆ ಹೇಳಿದ ಗುಟ್ಟು ಇನ್ನೊಮ್ಮೆ ಕೆಲಸ ಮಾಡುತ್ತದೆ: ಕಾರುಗಳಿಗೆ ಕೆಳಗೆ ಸುರಂಗವಿದೆ, ನೀವು ನೆತ್ತಿಯ ಮೇಲಿನ ಹಳೆಯ ರಸ್ತೆ ಹಿಡಿಯಿರಿ. ಇಳಿಯುವಾಗ ಕಾಣುವ ಉದ್ದನೆಯ ಬಾಗಿದ ಕಮಾನು ಸೇತುವೆ, 1912ರಿಂದ 1931ರವರೆಗೆ ಮಾಂತೋನ್ ಮತ್ತು ಸೋಸ್ಪೆಲ್ ನಡುವೆ ಓಡಿದ ಟ್ರಾಮ್‌ನದು. ಮಾಂತೋನ್ ಹತ್ತಿರವಾದಂತೆ ಕಾರು ಹೆಚ್ಚುತ್ತವೆ, ಅದನ್ನು ತಪ್ಪಿಸುವಂತಿಲ್ಲ.

ಎರಡನೇ ದಿನವೂ ಸಿಕ್ಕಿತು ಅನ್ನೋಣ. ಆಗ ಮಾಂತೋನ್‌ನಿಂದಲೇ ಶುರುಮಾಡಿ ಕೊಲ್ ದ ಲಾ ಮಡೋನ್ ಹತ್ತಿ. ಸುಮಾರು 13 ಕಿಲೋಮೀಟರ್, ಸರಾಸರಿ ಶೇ 7ರ ಹತ್ತಿರ, ನೆತ್ತಿ 925 ಮೀಟರ್ ಆಸುಪಾಸು. ಕಡಲ ಮಟ್ಟದಿಂದಲೇ ಏರು ಶುರುವಾಗುವುದರಿಂದ ವೃತ್ತಿಪರ ರೈಡರ್‌ಗಳು ತಮ್ಮ ಕಸುವು ಅಳೆದುಕೊಳ್ಳಲು ಇದನ್ನೇ ಬಳಸಿದರು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕೂಡ. ಉದ್ದೀಪನ ಮದ್ದು ಬಳಸಿದ್ದಕ್ಕೆ ಆತನ ಟೂರ್ ಪ್ರಶಸ್ತಿಗಳನ್ನೆಲ್ಲ 2012ರಲ್ಲಿ ಕಿತ್ತುಕೊಂಡರು, ಆದರೆ ಟ್ರೆಕ್ ಕಂಪನಿ ತನ್ನ ರೇಸ್ ಸೈಕಲ್‌ಗೆ ಇಟ್ಟ ಮಡೋನ್ ಎಂಬ ಹೆಸರು ಉಳಿದುಕೊಂಡಿದೆ. ಈ ರಸ್ತೆ ಕಿರಿದು, ಮೇಲಿನರ್ಧದಲ್ಲಿ ಕಾರು ಅಪರೂಪ. ಆಚೆ ಬದಿಗೆ ಪೇಯ್ ಎಂಬ ಬಂಡೆಗಂಟಿದ ಹಳ್ಳಿಗೆ ಇಳಿದು ಲಾ ತುರ್ಬಿಗೆ ಹೋದರೆ, ಆಲ್ಪ್ಸ್ ಬುಡಕಟ್ಟುಗಳನ್ನು ಗೆದ್ದ ನೆನಪಿಗೆ ರೋಮನ್ನರು ಚಕ್ರವರ್ತಿ ಅಗಸ್ಟಸ್ ಹೆಸರಿನಲ್ಲಿ ಕ್ರಿ.ಪೂ. 6ರ ಹೊತ್ತಿಗೆ ನಿಲ್ಲಿಸಿದ ಭಾರಿ ಸ್ಮಾರಕದ ಕಂಬಗಳು ಎದುರಾಗುತ್ತವೆ. ಅಲ್ಲಿಂದ ಗ್ರಾಂಡ್ ಕಾರ್ನಿಶ್ ಹಿಡಿದು ನೀಸ್.

ಎಲ್ಲರೂ ಹೆಸರಿಸುವ ಇನ್ನೆರಡು ಏರುಗಳನ್ನು ನಾನು ಹಿಂದಕ್ಕೆ ಹಾಕುತ್ತೇನೆ. ಕೊಲ್ ದ ವಾನ್ಸ್ ಸುಂದರ, 963 ಮೀಟರ್ ಎತ್ತರದ ಬೋಳು ಕಲ್ಲುಬಯಲು. ಆದರೆ ಕಡಲಿನಿಂದ ವಾನ್ಸ್ ಊರು ಮುಟ್ಟುವವರೆಗೆ ಪೇಟೆಯೇ ಪೇಟೆ, ವಾರಾಂತ್ಯದಲ್ಲಿ ಮೋಟಾರ್‌ಸೈಕಲ್‌ಗಳ ಅಬ್ಬರ ಬೇರೆ. ಕೊಲ್ ದ ತುರಿನಿ 1,607 ಮೀಟರ್. ಮಾಂಟೆ ಕಾರ್ಲೊ ರ‍್ಯಾಲಿಯಿಂದ ಹೆಸರಾದದ್ದು. ಸೋಸ್ಪೆಲ್‌ನಿಂದ 24 ಕಿಲೋಮೀಟರ್ ಏರಬೇಕು. ಕಾಡು, ಕಮರಿ, ನೆರಳು ಎಲ್ಲವೂ ಇದೆ. ಮೊದಲ ಸಲಕ್ಕೆ ಬೇಡ, ಕಾಲಿಗೆ ಅಭ್ಯಾಸವಾದ ಮೇಲೆ ಖಂಡಿತ ಹೋಗಿ.

ಕಾಲದ ವಿಚಾರ. ಏಪ್ರಿಲ್‌ನಿಂದ ಜೂನ್, ಮತ್ತೆ ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು, ಪ್ರವಾಸಿಗರು, ಕಾಡ್ಗಿಚ್ಚಿನ ಭಯ ಮೂರೂ ಸೇರುತ್ತವೆ. ಶರತ್ಕಾಲದ ಮಳೆಯನ್ನು ಹಗುರವಾಗಿ ಕಾಣಬೇಡಿ. ಬೆಚ್ಚಗಿನ ಕಡಲಿನ ತೇವ ಹೊತ್ತ ಗಾಳಿ ಬೆಟ್ಟಕ್ಕೆ ಗುದ್ದಿ, ಕೆಲವೇ ಗಂಟೆಗಳಲ್ಲಿ ತಿಂಗಳುಗಳ ಮಳೆ ಸುರಿಸಿಬಿಡುತ್ತದೆ. 2020ರ ಅಕ್ಟೋಬರ್ 2ರಂದು ಅಲೆಕ್ಸ್ ಚಂಡಮಾರುತ ಪಕ್ಕದ ರೋಯಾ ಮತ್ತು ವೆಸುಬಿ ಕಣಿವೆಗಳಲ್ಲಿ ರಸ್ತೆ, ಸೇತುವೆ, ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಮಳೆ ಎಚ್ಚರಿಕೆ ಇದ್ದ ದಿನ ಕಡಲ ಪಕ್ಕವೇ ಇದ್ದುಬಿಡಿ. ವಾರದ ಲೆಕ್ಕದಲ್ಲಿ ಮಂಗಳವಾರದಿಂದ ಶುಕ್ರವಾರ ಉತ್ತಮ. ಸೋಮವಾರ ರಸ್ತೆ ಖಾಲಿಯಿದ್ದರೂ ಹಳ್ಳಿಯ ಬೇಕರಿಗಳು ಬಾಗಿಲು ಹಾಕಿರುವುದುಂಟು. ಯಾವ ದಿನವೇ ಆಗಲಿ, ಮಧ್ಯಾಹ್ನ ಅಂಗಡಿಗಳು ಎರಡು ಮೂರು ತಾಸು ಮುಚ್ಚುತ್ತವೆ. ಹಳ್ಳಿಗಳಲ್ಲಿ ಕಾರಂಜಿ ನೀರು ಸಿಗುತ್ತದೆ, ‘ನೋಂ ಪೊತಾಬ್ಲ್’ ಎಂಬ ಫಲಕವಿದ್ದರೆ ಮಾತ್ರ ಕುಡಿಯಬೇಡಿ. ಸಸ್ಯಾಹಾರಿಗಳಿಗೆ ನೀಸ್‌ನಲ್ಲಿ ಸೊಕ್ಕ ಸಿಗುತ್ತದೆ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಕಟ್ಟಿಗೆ ಒಲೆ. ಪಾನ್ ಬಾಞಾ ಎಂಬ ರೊಟ್ಟಿಯಲ್ಲಿ ತರಕಾರಿ ಮೇಲೆ ಕಂಡರೂ ಒಳಗೆ ಮೀನು ಇರುತ್ತದೆ, ಕೇಳಿ ತಿನ್ನಿ.

ಸೈಕಲ್ ಬಾಡಿಗೆಗೆ ಪಡೆಯುವಾಗ ಹಿಂದಿನ ದೊಡ್ಡ ಗೇರ್ 32 ಅಥವಾ 34 ಹಲ್ಲಿನದು ಬೇಕೆಂದು ಹಟ ಹಿಡಿಯಿರಿ. ಮುಂದೆ ಹಿಂದೆ ಎರಡೂ ದೀಪ ಇರಲಿ, ಸುರಂಗಗಳು ಎದುರಾಗುತ್ತವೆ. ಊರಾಚೆ ಕತ್ತಲಾದರೆ ಹೊಳೆಯುವ ಜಾಕೆಟ್ ಧರಿಸುವುದು ಅಲ್ಲಿ ಕಾನೂನು. ಸೈಕಲನ್ನು ಹಿಂದಿಕ್ಕುವ ಕಾರು ಊರಾಚೆ ಒಂದೂವರೆ ಮೀಟರ್ ದೂರ ಬಿಡಬೇಕೆಂಬ ಕಾನೂನೂ ಇದೆ, ಹೆಚ್ಚಿನ ಚಾಲಕರು ಅದನ್ನು ಪಾಲಿಸುತ್ತಾರೆ ಎಂಬುದು ನಮಗೆ ಅಚ್ಚರಿಯ ಸಂಗತಿ.

ಕೊನೆಯದಾಗಿ ಒಂದು, ಭಾರತದಿಂದ ಹೋಗುವವರು ಮರೆಯಲೇಬಾರದ್ದು. ರಸ್ತೆಯ ಬಲಬದಿಯಲ್ಲಿ ಓಡಿಸಬೇಕೆಂಬುದು ಎಲ್ಲರಿಗೂ ನೆನಪಿರುತ್ತದೆ, ಬ್ರೇಕ್ ವಿಷಯ ನೆನಪಿರುವುದಿಲ್ಲ. ನಮ್ಮಲ್ಲಿ ಬಲಗೈ ಮುಂದಿನ ಚಕ್ರದ ಬ್ರೇಕ್, ಅಲ್ಲಿ ಎಡಗೈ. ಅಂಗಡಿಯ ಮುಂದೆಯೇ ಒಂದೆರಡು ಸುತ್ತು ಹೊಡೆದು ಕೈಗೆ ರೂಢಿ ಮಾಡಿಕೊಳ್ಳಿ, ಇಲ್ಲವೇ ಅದಲುಬದಲು ಮಾಡಿಕೊಡಲು ಸಾಧ್ಯವೇ ಎಂದು ಕೇಳಿ. ಬ್ರೌಸ್‌ನಿಂದ ಸೋಸ್ಪೆಲ್‌ಗೆ ಇಳಿಯುವ ಹೇರ್‌ಪಿನ್‌ಗಳಲ್ಲಿ ಇದನ್ನು ಕಲಿಯಲು ಹೊರಡಬೇಡಿ.