ಶಿಕ್ಷೆ ಮುಗಿಸಿ ಬಂದವರ ಜೊತೆ ಸಭೆ ನಿಲ್ಲುವುದು ಹೇಗೆ?

ಓದುಗರ ಪ್ರಶ್ನೆ: ಸೆರೆಯಲ್ಲಿರುವವರನ್ನು ನೋಡಲು ಹೋಗುವುದು ತನ್ನನ್ನೇ ನೋಡಲು ಬಂದಂತೆ ಎಂದು ಯೇಸು ಹೇಳಿದ್ದು ಗೊತ್ತು. ನಮ್ಮ ಕ್ರೈಸ್ತ ಸಭೆಯಲ್ಲಿ ಏಳೆಂಟು ಮಂದಿಗೆ ಜೈಲಿನಿಂದ ಬಿಡುಗಡೆಯಾದವರಿಗೆ ಆಸರೆಯಾಗುವ ಮನಸ್ಸಿದೆ. ಆದರೆ ಕೆಲವರು “ಮಕ್ಕಳಿರುವ ಜಾಗಕ್ಕೆ ಅಂಥವರನ್ನು ಕರೆತರುವುದಾ?” ಎನ್ನುತ್ತಾರೆ. ಇನ್ನು ಕೆಲವರು “ದೇವರೇ ಕ್ಷಮಿಸಿದ ಮೇಲೆ ಹಳೆಯದನ್ನೇಕೆ ಕೆದಕಬೇಕು?” ಎನ್ನುತ್ತಾರೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಈ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವುದರಿಂದ. ಮಕ್ಕಳ ಬಗ್ಗೆ ಹೆದರುವವರು ಕಲ್ಲುಮನಸ್ಸಿನವರಲ್ಲ, ಅವರಿಲ್ಲದೆ ಈ ಕೆಲಸ ಕೆಡುತ್ತದೆ. ಕ್ಷಮೆಯ ಮಾತಾಡುವವರು ಸತ್ಯವೇದವನ್ನು ಇನ್ನಷ್ಟು ಮುಂದಕ್ಕೆ ಓದಬೇಕು. ಯೇಸು ಮನೆಗೆ ಬಂದ ಮೇಲೆ ಸುಂಕ ವಸೂಲಿಗಾರ ಜಕ್ಕಾಯ ಸುಮ್ಮನೆ ಸಂತೋಷಪಟ್ಟು ಕೂರಲಿಲ್ಲ. ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದ. ಪೌಲನು ದಾಸನಾಗಿದ್ದ ಒನೇಸಿಮನನ್ನು ಅವನ ಯಜಮಾನ ಫಿಲೆಮೋನನ ಬಳಿಗೆ ಕಳಿಸುವಾಗ, ನಷ್ಟವಾಗಿದ್ದರೆ ಮರೆತುಬಿಡು ಎಂದು ಬರೆಯಲಿಲ್ಲ. ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನು ತೀರಿಸುತ್ತೇನೆ ಎಂದು ಸ್ವಂತ ಕೈಯಲ್ಲೇ ಬರೆದ. ಹಾಗೆಂದು ಶಿಕ್ಷೆಗೆ ಕೊನೆಯೇ ಇರಬಾರದು ಎಂದೂ ಅಲ್ಲ. ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಏಟುಗಳಿಗೆ ನಲವತ್ತರ ಮಿತಿ ಹಾಕಿ ಕಾರಣವನ್ನೂ ಹೇಳುತ್ತದೆ: ಅದಕ್ಕಿಂತ ಹೆಚ್ಚಾದರೆ ನಿನ್ನ ಸಹೋದರ ನಿನ್ನ ಕಣ್ಣಿಗೇ ಕೀಳಾಗಿಬಿಡುತ್ತಾನೆ. ಏಟು ತಿನ್ನುವವನನ್ನು ಅಲ್ಲಿ ಕರೆದಿರುವುದು ಸಹೋದರ ಎಂದೇ.

ಆಸರೆ ಮತ್ತು ಲೆಕ್ಕ ಒಪ್ಪಿಸುವಿಕೆ ಎರಡನ್ನೂ ಒಟ್ಟಿಗೆ ಇಟ್ಟ ಒಂದು ಮಾದರಿ ಕೆನಡಾದಲ್ಲಿ ಹುಟ್ಟಿತು. 1994ರಲ್ಲಿ ಒಂಟಾರಿಯೊದ ಹ್ಯಾಮಿಲ್ಟನ್‌ಗೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಪೂರ್ತಿ ಶಿಕ್ಷೆ ಅನುಭವಿಸಿದ ಒಬ್ಬ ಬಿಡುಗಡೆಯಾಗಿ ಬಂದ. ಶಿಕ್ಷೆಯ ಅವಧಿಯೇ ಮುಗಿದಿದ್ದರಿಂದ ಅವನ ಮೇಲೆ ಯಾವ ಅಧಿಕಾರಿಯ ನಿಗಾವೂ ಇರಲಿಲ್ಲ. ಊರು ಹೆದರಿತ್ತು. ಅವನನ್ನು ಮೊದಲೇ ಬಲ್ಲ, ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಪಾಸ್ಟರ್ ಹ್ಯಾರಿ ನೈ ತಮ್ಮ ಪುಟ್ಟ ಸಭೆಯ ಕೆಲವರನ್ನು ಸೇರಿಸಿ ಅವನ ಸುತ್ತ ಒಂದು ಬಳಗ ಕಟ್ಟಿದರು. ಅದೇ ಮುಂದೆ ಬೇರೆ ದೇಶಗಳಿಗೂ ಹಬ್ಬಿತು. ಅದರ ನಿಲುವು ಎರಡೇ: ಇನ್ನೊಬ್ಬರು ಬಲಿಯಾಗಬಾರದು, ಯಾರೂ ಬಿಸಾಡುವ ವಸ್ತುವಲ್ಲ. ಇಂಥ ಬಳಗ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿದ ಕೆನಡಾದ ಅಧ್ಯಯನಗಳಲ್ಲಿ, ಇದ್ದವರು ಮತ್ತೆ ಅಪರಾಧ ಮಾಡಿದ್ದು ಸಾಕಷ್ಟು ಕಡಿಮೆ. ಅಧ್ಯಯನ ಮಾಡಿದ ಗುಂಪುಗಳು ಚಿಕ್ಕವು ಎಂಬುದು ನೆನಪಿರಲಿ.

ಬಳಗಕ್ಕೆ ನಾಲ್ಕರಿಂದ ಆರು ಮಂದಿ ಸಾಕು. ಮೂವರಾದರೆ ಒಬ್ಬರಿಗೆ ಜ್ವರ ಬಂದ ವಾರವೇ ಕುಸಿಯುತ್ತದೆ, ಎಂಟಾದರೆ ಎದುರು ಕೂತವನಿಗೆ ವಿಚಾರಣೆಗೆ ಬಂದಂತಾಗುತ್ತದೆ. ಒಂದೇ ಮನೆಯ ಗಂಡ ಹೆಂಡತಿ ಮಾತ್ರ ಹೊರುವ ಕೆಲಸ ಇದಲ್ಲ. ಅದೇ ಬಗೆಯ ಅಪರಾಧದಿಂದ ನೊಂದು ಗಾಯ ಇನ್ನೂ ಹಸಿಯಾಗಿರುವವರು ಬೇಡ. ‘ನಾನೇ ಇವನನ್ನು ಬದಲಾಯಿಸುತ್ತೇನೆ’ ಎನ್ನುವವರಂತೂ ಬೇಡವೇ ಬೇಡ. ಮೊದಲು ದಣಿಯುವವರು ಅವರೇ. ನಿಮ್ಮಲ್ಲಿ ಪ್ರಶ್ನೆ ಎತ್ತುತ್ತಿರುವವರಲ್ಲಿ ಒಬ್ಬರನ್ನಾದರೂ ಒಳಗೆ ಸೇರಿಸಿಕೊಳ್ಳಿ. ಬಳಗದ ಹೊರಗೆ ಪ್ರೊಬೇಷನ್ ಅಧಿಕಾರಿ (ಅಪರಾಧಿಗಳ ಮೇಲೆ ಜೈಲಿನ ಹೊರಗೆ ನಿಗಾ ಇಡುವವರು), ವಕೀಲರು, ಮನೋವೈದ್ಯರು ಅಥವಾ ಆಪ್ತಸಮಾಲೋಚಕರು, ಹೀಗೆ ಸಲಹೆ ಕೊಡಬಲ್ಲ ಎರಡನೇ ಸುತ್ತು ಇರಲಿ. ಬಳಗದವರು ಆ ಕೆಲಸಗಳನ್ನು ತಾವೇ ಮಾಡಲು ಹೋಗಬಾರದು.

ಪರಿಚಯ ಬಿಡುಗಡೆಗೆ ಎರಡು ಮೂರು ತಿಂಗಳು ಮೊದಲೇ, ಜೈಲಿನ ಸಂದರ್ಶನ ವೇಳೆಯಲ್ಲೇ ಆಗಲಿ. ಬಳಗ ಬೇಕೋ ಬೇಡವೋ ಎಂದು ಬಿಡುಗಡೆಯಾಗುವವನೇ ಹೇಳಬೇಕು; ಬಲವಂತಕ್ಕೆ ಒಪ್ಪಿದವನು ಎರಡನೇ ವಾರಕ್ಕೆ ಕಾಣೆಯಾಗುತ್ತಾನೆ. ಒಪ್ಪಿದರೆ ಎಲ್ಲರೂ ಕೂತು ಒಪ್ಪಂದ ಬರೆಯಿರಿ, ಒಂದೆರಡು ಪುಟ ಸಾಕು. ಅದರಲ್ಲಿ ಇರಬೇಕಾದ್ದು ಇಷ್ಟು: ಬಿಡುಗಡೆಯ ಷರತ್ತುಗಳು ಅಕ್ಷರಶಃ, ವಾರಕ್ಕೊಮ್ಮೆ ಭೇಟಿಯ ದಿನ, ಹೊತ್ತು, ಜಾಗ, ಕನಿಷ್ಠ ಒಂದು ವರ್ಷದ ಮಾತು, ಫೋನ್ ಮಾಡಬಹುದಾದ ವೇಳೆ, ಹಣದ ನಿಯಮ, ಅವನ ಪಾಲಿಗೆ ಅಪಾಯದ ಮುನ್ಸೂಚನೆಗಳು ಯಾವುವು ಎಂದು ಅವನದೇ ಮಾತಿನಲ್ಲಿ. ‘ಮೂರು ದಿನ ಫೋನ್ ಎತ್ತದಿದ್ದರೆ ನಾನು ಕುಡಿಯುತ್ತಿದ್ದೇನೆ ಅಂತ ಅರ್ಥ’ ಎಂದು ಅವನೇ ಬರೆಸಿದ ಒಂದು ಸಾಲು, ಬೇರೆಯವರು ಬರೆದ ಹತ್ತು ಸಾಲಿಗಿಂತ ಉಪಯೋಗಕ್ಕೆ ಬರುತ್ತದೆ.

ಗುಟ್ಟಿನ ಬಗ್ಗೆ ಒಂದು ಅಂಶವನ್ನು ದಪ್ಪ ಅಕ್ಷರದಲ್ಲೇ ಬರೆಯಿರಿ. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ, ಆದರೆ ಯಾರಿಗಾದರೂ ಅಪಾಯ ಇದೆ ಎಂದು ಕಂಡರೆ ಅಥವಾ ಷರತ್ತು ಮುರಿದದ್ದು ತಿಳಿದರೆ ಅದು ಅಧಿಕಾರಿಗೆ ಹೋಗುತ್ತದೆ. ಯಾರು ತಿಳಿಸುತ್ತಾರೆ ಎಂಬ ಹೆಸರೂ ಇರಲಿ. ಇದನ್ನು ಮೊದಲೇ ಹೇಳದೆ ಆಮೇಲೆ ಪೊಲೀಸರಿಗೆ ಹೇಳಿದರೆ ಅವನಿಗೆ ಅದು ದ್ರೋಹ. ಹೇಳದೇ ಬಿಟ್ಟರೆ ಇನ್ನೊಬ್ಬರಿಗೆ ಅದಕ್ಕಿಂತ ದೊಡ್ಡ ದ್ರೋಹ.

ಬಿಡುಗಡೆಯ ಮೊದಲ ವಾರ ತುಂಬ ಸೂಕ್ಷ್ಮ. ಜೈಲಿನ ಗೇಟಿಗೆ ಇಬ್ಬರು ಹೋಗಿ ಕರೆತನ್ನಿ. ಆ ದಿನ ಪ್ರಾರ್ಥನಾ ಕೂಟ, ಹಾರ, ಫೋಟೊ ಯಾವುದೂ ಬೇಡ. ಆ ರಾತ್ರಿ ಮಲಗುವ ಜಾಗ, ಊಟ, ಚಾರ್ಜ್ ಆದ ಫೋನ್, ಮೈಗೆ ಸರಿಹೊಂದುವ ಎರಡು ಜೊತೆ ಬಟ್ಟೆ ಇಷ್ಟಿದ್ದರೆ ದಿನ ಗೆದ್ದಂತೆ. ಮರುದಿನ ಅಧಿಕಾರಿಯ ಮುಂದೆ ಹಾಜರಾತಿ ಇದ್ದರೆ ಒಬ್ಬರು ಜೊತೆಗೆ ಹೋಗಿ ಹೊರಗೆ ಕಾಯಲಿ. ಔಷಧಿಯ ವಿಷಯ ಮರೆಯಬೇಡಿ: ರಕ್ತದೊತ್ತಡ, ಮಧುಮೇಹ, ಮೂರ್ಛೆ ಅಥವಾ ಮಾನಸಿಕ ಕಾಯಿಲೆಗೆ ಒಳಗೆ ಕೊಡುತ್ತಿದ್ದ ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ ಎಂದು ಎಣಿಸಿ ನೋಡಿ, ಮುಗಿಯುವ ಮೊದಲೇ ವೈದ್ಯರ ಬಳಿ ಕರೆದೊಯ್ಯಿರಿ. ಮಾದಕವಸ್ತುವಿನ ಚಟ ಇದ್ದವರಿಗೆ ಮೊದಲ ಎರಡು ವಾರ ಪ್ರಾಣಕ್ಕೇ ಅಪಾಯ. ಒಳಗಿದ್ದಾಗ ದೇಹ ಅದನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಬಂದು ಹಿಂದಿನಷ್ಟೇ ಹೆರಾಯಿನ್ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಇದನ್ನು ಉಪದೇಶದ ದನಿಯಲ್ಲಿ ಹೇಳಬೇಡಿ, ಇದ್ದದ್ದನ್ನು ಇದ್ದಂತೆ ಹೇಳಿ. ಮೊದಲ ಕೆಲವು ವಾರ ಬಳಗದಲ್ಲಿ ದಿನಕ್ಕೊಬ್ಬರು ಸರದಿಯಂತೆ ಮಾತಾಡಿಸಲಿ.

ಕೈಗೆ ನಗದು ಕೊಡಬೇಡಿ, ವೈಯಕ್ತಿಕ ಸಾಲವನ್ನಂತೂ ಕೊಡಲೇಬೇಡಿ. ಸಾಲ ತೀರಿಸಲಾಗದವನು ನಿಮ್ಮ ಮುಖ ತಪ್ಪಿಸುತ್ತಾನೆ, ಆಗ ದುಡ್ಡೂ ಇಲ್ಲ, ಮನುಷ್ಯನೂ ಇಲ್ಲ. ಬಾಡಿಗೆ, ಔಷಧಿ, ಕೆಲಸಕ್ಕೆ ಬೇಕಾದ ಸಲಕರಣೆಗೆ ಸಭೆಯ ನಿಧಿಯಿಂದ ಇಬ್ಬರ ಸಹಿಯೊಂದಿಗೆ ನೇರವಾಗಿ ಪಾವತಿಸಿ.

ವಾರದ ಭೇಟಿ ಒಂದರಿಂದ ಒಂದೂವರೆ ಗಂಟೆ. ವಾರ ಹೇಗೆ ಹೋಯಿತು, ಎಲ್ಲಿ ಎಡವಿದೆ, ಷರತ್ತುಗಳ ಕತೆ ಏನು, ಮುಂದಿನ ವಾರ ಏನು ಕಾದಿದೆ, ಇಷ್ಟೇ. ಪ್ರಾರ್ಥನೆ ಅವನು ಕೇಳಿದರೆ. ದೀಕ್ಷಾಸ್ನಾನ ಮಾಡಿಸಿಕೊಂಡರೆ ಮಾತ್ರ ಆಸರೆ ಎಂಬ ಸುಳಿವು ಸಿಕ್ಕರೂ ಸಾಕು, ಅವನು ಪಶ್ಚಾತ್ತಾಪ ನಟಿಸಲು ಶುರು ಮಾಡುತ್ತಾನೆ. ಜೈಲಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ ಎದುರಿನವರು ಏನು ಕೇಳಲು ಬಯಸುತ್ತಾರೆ ಎಂದು ಓದುವುದು ಚೆನ್ನಾಗಿ ಗೊತ್ತು. ಇದೇ ಕಾರಣಕ್ಕೆ ಮೊದಲ ವರ್ಷ ಅವನನ್ನು ವೇದಿಕೆ ಹತ್ತಿಸಿ ತಾನು ಬದಲಾದ ಕತೆಯ ಸಾಕ್ಷಿ ಹೇಳಿಸಬೇಡಿ. ಚಪ್ಪಾಳೆ ಬಿದ್ದ ಮೇಲೆ ‘ಈ ವಾರ ಮತ್ತೆ ಕುಡಿದೆ’ ಎಂದು ಒಪ್ಪಿಕೊಳ್ಳುವುದು ಮೊದಲಿಗಿಂತ ಕಷ್ಟ. ಅವನು ನೋಯಿಸಿದ ಕುಟುಂಬದವರ ಕಿವಿಗೂ ಆ ಸಾಕ್ಷಿ ಬೀಳಬಹುದು.

ಮಕ್ಕಳ ವಿಷಯದಲ್ಲಿ ಅಪರಾಧ ಲೈಂಗಿಕವಾಗಿದ್ದರೆ ಆರಾಧನೆಗೆ ಪ್ರತ್ಯೇಕ ಲಿಖಿತ ನಿಯಮ ಬೇಕು: ಯಾವ ಆರಾಧನೆಗೆ ಬರಬಹುದು, ಎಲ್ಲಿ ಕೂರಬೇಕು, ಬಂದಾಗಿನಿಂದ ಹೋಗುವವರೆಗೆ ಜೊತೆಗಿರುವವರು ಯಾರು, ಭಾನುವಾರ ಶಾಲೆಯ ಕೋಣೆ, ಶೌಚಾಲಯ, ಮಕ್ಕಳಿರುವ ಮನೆಕೂಟಗಳ ಬಗ್ಗೆ ನಿಯಮ ಏನು. ಇದು ಪಾಸ್ಟರ್ ಒಬ್ಬರ ಎದೆಯಲ್ಲಿ ಇರುವ ಗುಟ್ಟಾಗಬಾರದು. ಪಾಸ್ಟರ್ ವರ್ಗವಾದ ದಿನ ಕಾವಲೂ ಹೋಗುತ್ತದೆ. ಹಿರಿಯರಿಗೂ ಮಕ್ಕಳ ಕೆಲಸ ನೋಡುವವರಿಗೂ ಗೊತ್ತಿರಬೇಕು, ಉಳಿದವರ ಹರಟೆಗೆ ಸಿಗಬಾರದು. ನಿಯಮಕ್ಕೆ ಒಪ್ಪದಿದ್ದರೆ ಬಳಗ ಬೇರೆ ಜಾಗದಲ್ಲಿ ಭೇಟಿ ಮುಂದುವರಿಸಲಿ, ಆರಾಧನೆಗೆ ಬರುವುದು ಬೇಡ.

ನೊಂದವರ ಬಗ್ಗೆ ಸಭೆಗಳು ಅತಿ ಹೆಚ್ಚು ತಪ್ಪು ಮಾಡುತ್ತವೆ. ಕ್ಷಮಿಸು ಎಂದು ಅವರ ಮೇಲೆ ಒತ್ತಡ ಹಾಕುವ ಹಕ್ಕು ಬಳಗಕ್ಕಿಲ್ಲ, ಅವರ ಪರವಾಗಿ ಕ್ಷಮಿಸುವ ಹಕ್ಕಂತೂ ಇಲ್ಲ. ಅವರು ಇದೇ ಸಭೆಯವರಾದರೆ ಸಭೆ ಅವರದು, ಬಿಡುಗಡೆಯಾದವನು ಬೇರೆಡೆ ಆರಾಧಿಸಬೇಕು. ಮತ್ತಾಯ 18ನ್ನು ತೋರಿಸಿ ‘ನೀನೇ ಒಬ್ಬಳೇ ಹೋಗಿ ಅವನೊಂದಿಗೆ ಮಾತಾಡು’ ಎಂದು ದೌರ್ಜನ್ಯಕ್ಕೆ ಒಳಗಾದವರಿಗೆ ಹೇಳುವುದು ಆ ಮಾತಿನ ದುರುಪಯೋಗ. ಹಾಗಾದರೆ ಮುಖಾಮುಖಿ ಆಗಲೇಬಾರದೇ? ಆಗಬಹುದು. 1974ರಲ್ಲಿ ಒಂಟಾರಿಯೊದ ಎಲ್ಮೈರಾದಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ 22 ಕಡೆ ಆಸ್ತಿಪಾಸ್ತಿ ಹಾಳು ಮಾಡಿದ್ದರು. ಮೆನೊನೈಟ್ ವಿಶ್ವಾಸಿಯಾದ ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿ ಸಲಹೆಯಂತೆ ನ್ಯಾಯಾಧೀಶರು ಅವರನ್ನು ನೊಂದವರ ಮನೆಬಾಗಿಲಿಗೇ ಕಳಿಸಿದರು; ಹುಡುಗರು ತಪ್ಪೊಪ್ಪಿಕೊಂಡು ನಷ್ಟ ಕಟ್ಟಿಕೊಟ್ಟರು. ಆದರೆ ಅದು ಕಿಟಕಿ ಗಾಜು, ಕಾರಿನ ಟೈರುಗಳಂಥ ನಷ್ಟ. ದೈಹಿಕ ಹಿಂಸೆಯ ಪ್ರಕರಣದಲ್ಲಿ ಭೇಟಿಯನ್ನು ಕೇಳಬೇಕಾದವರು ನೊಂದವರು, ನಡೆಸಬೇಕಾದವರು ತರಬೇತಿ ಪಡೆದ ಮಧ್ಯಸ್ಥರು. ಎರಡೂ ಕಡೆಯವರೊಂದಿಗೆ ಬೇರೆ ಬೇರೆ ತಯಾರಿ ಮುಗಿಯದೆ ಒಂದೇ ಕೋಣೆಗೆ ಕರೆತರಬಾರದು.

ಒಳ್ಳೆಯ ಉದ್ದೇಶವೇ ಸಾಕು ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾ ನೋಡಿ. ಅಲ್ಲಿನ ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಮತ್ತಿತರ ವಿಶ್ವಾಸಿಗಳು ಹೊಡೆತ, ಅವಮಾನಗಳ ಬದಲು ಏಕಾಂತ, ಕೆಲಸ, ಸತ್ಯವೇದದಿಂದ ಮನಸ್ಸು ತಿರುಗುತ್ತದೆ ಎಂದು ನಂಬಿದರು. 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಜೈಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಹೊರಗೆ ಕರೆತಂದರೆ ಬೇರೆಯವರ ಮುಖ ಕಾಣದಂತೆ ತಲೆಗೆ ಮುಸುಕು. ಪಶ್ಚಾತ್ತಾಪಕ್ಕೆಂದು ಕಟ್ಟಿದ ಏಕಾಂತ ಮನಸ್ಸನ್ನೇ ಮುರಿಯತೊಡಗಿತು. ಅದಕ್ಕೂ ಮೊದಲೇ, 1817ರಲ್ಲಿ, ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ ಕ್ವೇಕರ್ ಆಗಿದ್ದ ಎಲಿಜಬೆತ್ ಫ್ರೈ ಹಿಡಿದ ದಾರಿ ಬೇರೆ: ಹೆಂಗಸರ ವಿಭಾಗಕ್ಕೆ ಹೊಲಿಗೆ ಕೆಲಸ ತಂದರು, ಮಕ್ಕಳಿಗೆ ಶಾಲೆ ತೆರೆದರು, ನಡವಳಿಕೆಯ ನಿಯಮಗಳನ್ನು ಕೈದಿಗಳಿಗೇ ಓದಿ ಹೇಳಿ ಒಂದೊಂದಕ್ಕೂ ಅವರ ಒಪ್ಪಿಗೆ ಕೇಳಿದರು. ನಿಮ್ಮ ಒಪ್ಪಂದವನ್ನು ಅವನ ಜೊತೆ ಕೂತೇ ಬರೆಯಿರಿ ಎಂದದ್ದು ಇದಕ್ಕೇ.

ಮೂರನೇ ತಿಂಗಳ ಹೊತ್ತಿಗೆ ಉತ್ಸಾಹ ಇಳಿಯುತ್ತದೆ, ಭೇಟಿ ತಪ್ಪತೊಡಗುತ್ತದೆ, ಎಲ್ಲ ಹೊರೆ ಒಬ್ಬರ ಹೆಗಲಿಗೆ ಬೀಳುತ್ತದೆ. ಆಗ ಹೊಸಬರನ್ನು ಸೇರಿಸಿ, ಆ ಒಬ್ಬರಿಗೆ ತಿಂಗಳು ರಜೆ ಕೊಡಿ. ಅವನು ಮತ್ತೆ ಜೈಲು ಸೇರಿದರೂ ಒಪ್ಪಂದದ ವರ್ಷ ಮುಗಿದಿಲ್ಲ. ಸಂದರ್ಶನ ವೇಳೆಗೆ ಹೋಗಿ.

ಕಾನೂನು ಸುಧಾರಣೆಯ ಕೆಲಸ ಇದರಿಂದಲೇ ಹುಟ್ಟುತ್ತದೆ, ಭಾಷಣದಿಂದಲ್ಲ. ಭಕ್ತ ಕ್ರೈಸ್ತರಾಗಿದ್ದ ಜಾನ್ ಹೋವರ್ಡ್ 1773ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಕೌಂಟಿಯ (ಜಿಲ್ಲೆಯ) ಶೆರಿಫ್, ಅಂದರೆ ಜೈಲಿನ ಹೊಣೆಯೂ ಇದ್ದ ಅಧಿಕಾರಿ, ಆದಾಗ, ಖುಲಾಸೆಯಾದವರೂ ಜೈಲರನ ಶುಲ್ಕ ಕಟ್ಟಲಾಗದೆ ಮತ್ತೆ ಒಳಗೇ ಕೊಳೆಯುತ್ತಿರುವುದನ್ನು ಕಂಡರು. ಜೈಲರನಿಗೆ ಸಂಬಳ ಕೊಡಿ ಎಂದರೆ, ಬೇರೆಲ್ಲಾದರೂ ಹಾಗಿದೆಯೇ ಎಂದು ಮೇಲಿನವರು ಕೇಳಿದರು. ಹೋವರ್ಡ್ ಅಕ್ಕಪಕ್ಕದ ಕೌಂಟಿಗಳ ಜೈಲುಗಳನ್ನೆಲ್ಲ ಸುತ್ತಿದರು, ಎಲ್ಲೆಡೆ ಅದೇ ಅನ್ಯಾಯ. 1774ರಲ್ಲಿ ಸಂಸತ್ತಿನ ಮುಂದೆ ಅದನ್ನು ಹೇಳಿದರು, ಅದೇ ವರ್ಷ ಖುಲಾಸೆಯಾದವರ ಶುಲ್ಕ ರದ್ದಾಯಿತು. ನಿಮ್ಮ ಬಳಗವೂ ಒಂದು ಪುಸ್ತಕ ಇಡಲಿ: ದಿನಾಂಕ, ಯಾವ ಕಚೇರಿ, ಏನು ಕಾಗದ ಕೇಳಿದರು, ಎಷ್ಟು ಸಲ ವಾಪಸ್ ಕಳಿಸಿದರು, ಹಾಜರಾತಿಗೆಂದು ಎಷ್ಟು ದಿನದ ಕೂಲಿ ಹೋಯಿತು. ಹೆಸರು ಬೇಡ. ಮೂರ್ನಾಲ್ಕು ಮಂದಿ ಒಂದೇ ಕಡೆ ಸಿಕ್ಕಿಹಾಕಿಕೊಂಡದ್ದು ಕಂಡರೆ ಅದೊಂದನ್ನೇ ಹಿಡಿದು ಅಧಿಕಾರಿಗಳಿಗೆ ಅರ್ಜಿ ಬರೆಯಿರಿ, ಕೇಳುವ ಬದಲಾವಣೆಯೂ ಒಂದೇ ಇರಲಿ.